ಅರವತ್ತೊಂದಕ್ಕೆ ಆರು

ಹಾರ್ಪರ್ಸ್ ಬೆಂಡ್, ಅರ್ಕಾನ್ಸಾ
ಸೋಮವಾರ, ಜನವರಿ ೩, ೧೯೪೯

ಪ್ರೀತಿಯ ಐನೆಜ್ ಅಕ್ಕನಿಗೆ,

ರೇಡಿಯೊದಲ್ಲಿ ಆಟ ಕೇಳಿಯೇ ಇರುತ್ತೀ. ಕೇಳಿ, ಭಾವನಿಗೆ ಕಾಣದ ಹಾಗೆ ಅಡುಗೆಮನೆಗೆ ಹೋಗಿ ಅತ್ತೂ ಇರುತ್ತೀ. ಅಳಬೇಡ. ನಾವು ನಿನ್ನೆ ಸಂಜೆ ರೈಲಿಳಿದು ಮನೆ ಸೇರಿದೆವು, ಕ್ಷೇಮವಾಗಿದ್ದೇವೆ. ಹೋಯ್ಟ್ ಈಗ ಹಿತ್ತಲಲ್ಲಿ ಸಿಳ್ಳೆ ಹಾಕುತ್ತ ಸೌದೆ ಒಡೆಯುತ್ತಿದ್ದಾನೆ. ಹೊಸ ವರ್ಷದ ದಿನದ ಪರ್ಸಿಮನ್ ಬೌಲ್ ಫುಟ್‌ಬಾಲ್ ಪಂದ್ಯದಲ್ಲಿ ಅರವತ್ತೊಂದಕ್ಕೆ ಆರು ಅಂಕದಿಂದ ಸೋತು ಬಂದ ತಂಡದ ಕೋಚ್ ಹೀಗೆ ಸಿಳ್ಳೆ ಹಾಕುವುದನ್ನು ಕೇಳಿದರೆ, ಪಾಪ, ಇವನಿಗೆ ತಲೆ ಕೆಟ್ಟಿತು ಎಂದುಕೊಂಡಾರು ಊರವರು.

ನಿನಗೆ ಮಾತ್ರ ಹೇಳುವ ಮಾತೊಂದಿದೆ. ಈ ಸಲ ನಮ್ಮ ಕಾಲೇಜಿನ ಹುಡುಗರು ಶರತ್ಕಾಲದ ಆಟಗಳನ್ನೆಲ್ಲ ಗೆದ್ದರಲ್ಲ, ಆಗ ಒಹಾಯೋದ ದೊಡ್ಡ ವಿಶ್ವವಿದ್ಯಾಲಯದಿಂದ ಥಾಕ್ಸ್‌ಟನ್ ಎಂಬಾತ ಹೋಯ್ಟ್‌ನನ್ನು ಕಾಣಲು ಬಂದಿದ್ದ. ಬೌಲ್ ಆಟ ನೋಡುತ್ತೇವೆ, ಚೆನ್ನಾಗಿ ನಡೆದರೆ ನಮ್ಮ ಕೋಚ್ ಕೆಲಸ ನಿನ್ನದೇ ಎಂದು ಹೇಳಿ ಹೋದ. ಹೋಯ್ಟ್ ಅದನ್ನು ನನಗೆ ಹೇಳಿದ್ದು ಊಟದ ಮೇಜಿನಲ್ಲಿ, ಬೆಣ್ಣೆ ಈ ಕಡೆ ಕೊಡು ಎನ್ನುವ ದನಿಯಲ್ಲಿ: “ಮಾರ್ಚ್‌ಗೆ ಹೊರಡೋದಿರುತ್ತೆ ವೆಲ್ಮಾ. ಪೆಟ್ಟಿಗೆಗಳು ಎಲ್ಲಿವೆ ನೋಡ್ಕೊ.”

ಮದುವೆಯಾಗಿ ಹದಿನಾಲ್ಕು ವರ್ಷ, ಇದು ಆರನೆಯ ಊರು. ಹೋದಲ್ಲೆಲ್ಲ ಹಣ್ಣಿನ ಗಿಡ ನೆಟ್ಟೆ, ಒಂದರ ಹಣ್ಣನ್ನೂ ತಿನ್ನಲಿಲ್ಲ. ಇಲ್ಲಿನ ಪೀಚ್ ಗಿಡಗಳು ಹೋದ ವಸಂತದಲ್ಲಿ ಮೊದಲ ಸಲ ಹೂ ಬಿಟ್ಟವು. ಚರ್ಚಿನ ಹಾಡುಗಾರರ ಗುಂಪು ನನ್ನ ಕೈಗೆ ಬಂದು ಈಗಷ್ಟೇ ಸ್ವರ ಹಿಡಿಯುತ್ತಿದೆ. ಇಲ್ಲಿ ದಾರಿಯಲ್ಲಿ ಸಿಕ್ಕವರು ನನ್ನನ್ನು ‘ಕೋಚ್ ಹೆಂಡತಿ’ ಎನ್ನುವುದಿಲ್ಲ ಅಕ್ಕಾ, ವೆಲ್ಮಾ ಎಂದು ಹೆಸರು ಹಿಡಿದು ಕರೆಯುತ್ತಾರೆ.

ಹಾಗಾಗಿ ಹೊಸ ವರ್ಷದ ಬೆಳಿಗ್ಗೆ, ಹುಡುಗರು ಹೋಟೆಲಿನ ಊಟದ ಮನೆಯಲ್ಲಿ ಅದೃಷ್ಟಕ್ಕೆಂದು ಅಲಸಂದೆ ಕಾಳು ಬಾಚಿ ಬಾಚಿ ತಿನ್ನುತ್ತಿದ್ದಾಗ, ನಾನು ಮೇಲೆ ಹೋಗಿ ಬಾಗಿಲು ಹಾಕಿಕೊಂಡು ಮೊಣಕಾಲೂರಿ ಕೂತೆ. ಹುಡುಗರಿಗೆ ಪೆಟ್ಟಾಗದಿರಲಿ, ಆದರೆ ಇದೊಂದು ಆಟ ಸೋಲಿಸಿಬಿಡು ದೇವರೇ ಎಂದು ಬೇಡಿಕೊಂಡೆ. ಎಷ್ಟು ಅಂಕದಿಂದ ಎಂದು ಹೇಳಲು ಮರೆತೆ. ದೇವರ ಕೈ ಎಷ್ಟು ಧಾರಾಳ ಅನ್ನುವುದು ಮಧ್ಯಾಹ್ನ ಗೊತ್ತಾಯಿತು.

ಡನ್‌ಮೋರ್ ಕಾಲೇಜಿನ ಆ ಹುಡುಗರು ಹುಡುಗರಲ್ಲ, ಕಾಳು ತುಂಬಿದ ಕಣಜಗಳು. ಅರ್ಧ ಜನ ಯುದ್ಧ ಮುಗಿಸಿ ಬಂದವರು. ಚೆಂಡು ಅವರ ಕೈಗೆ ಸಿಕ್ಕಿದರೆ ಸಾಕು, ನಮ್ಮವರನ್ನು ಜೋಳದ ದಂಟಿನ ಹಾಗೆ ಒರಗಿಸಿಕೊಂಡು ಗೆರೆ ದಾಟುತ್ತಿದ್ದರು. ಅರ್ಧ ಆಟಕ್ಕೆ ನಲವತ್ತೊಂದು, ನಮ್ಮದು ಸೊನ್ನೆ. ನಾನು ಹುಡುಗರ ಬೆಂಚಿನ ಬೆನ್ನಿಗೇ ಕೂತಿದ್ದೆ. ಅವರ ಮೂಗಿನಲ್ಲಿ ರಕ್ತ, ಕಣ್ಣಲ್ಲಿ ನೀರು. ಕೈಚೀಲದೊಳಗಿನ ಕರವಸ್ತ್ರವನ್ನು ಹಿಂಡುತ್ತ, ಸಾಕು ದೇವರೇ, ಇಷ್ಟು ಕೇಳಿರಲಿಲ್ಲ ಎಂದೆ.

ವಿರಾಮ ಮುಗಿದು ತಂಡಗಳು ಮೈದಾನಕ್ಕೆ ಬಂದಾಗ ಅವರ ಕೋಚ್ ತಾನಾಗಿ ಹ್ಯಾಟು ಕೈಯಲ್ಲಿ ಹಿಡಿದು ಹೋಯ್ಟ್ ಹತ್ತಿರ ಬಂದ. ಒಳ್ಳೆಯ ಮನುಷ್ಯ.

“ಉಳಿದ ಆಟ ಸ್ವಲ್ಪ ಗಿಡ್ಡ ಮಾಡಿಬಿಡೋಣ ಹೋಯ್ಟ್. ಗಡಿಯಾರ ಬೇಗ ಓಡಿದ್ರೆ ಯಾರೂ ಏನೂ ಅನ್ನಲ್ಲ.”

“ಆಡೋರು ಇವರು. ಇವರನ್ನ ಕೇಳ್ತೀನಿ,” ಎಂದ ಹೋಯ್ಟ್ ಬೆಂಚಿನ ಮುಂದೆ ಕುಕ್ಕರಗಾಲಲ್ಲಿ ಕೂತು, ಒಬ್ಬೊಬ್ಬರ ಮುಖ ನೋಡುತ್ತ, “ಏನ್ ಮಾಡೋಣ ಹೇಳ್ರಪ್ಪಾ?” ಎಂದು ಕೇಳಿದ.

ತಂಡದ ನಾಯಕ ರೂಫಸ್‌ಗೆ ಒಂದು ಕಣ್ಣು ಬಾತು ಮುಚ್ಚಿಹೋಗಿತ್ತು. “ಇಡೀ ದಿನ ರೈಲಲ್ಲಿ ಕೂತು ಬಂದಿದೀವಿ ಕೋಚ್. ಅರ್ಧ ಆಟಕ್ಕಲ್ಲ. ನಮ್ಮಮ್ಮ ರೇಡಿಯೊ ಮುಂದೆ ಕೂತವ್ಳೆ, ಪೂರ್ತಿ ಕೇಳಿಸ್ಕೊಳ್ಳಲಿ.”

ಪಕ್ಕದವನು, “ಹೌದು ಕೋಚ್, ಇಷ್ಟು ಓಡಿದಾರೆ, ಅವ್ರಿಗೂ ಸುಸ್ತಾಗಬೇಕಲ್ಲ!” ಎಂದ. ಬೆಂಚಿಗೆ ಬೆಂಚೇ ನಕ್ಕಿತು. ಹೋಯ್ಟ್ ಕೂಡ.

ನನಗೆ ಮಾತ್ರ ನಗು ಬರಲಿಲ್ಲ. ಹೋಯ್ಟ್‌ಗೆ ಇನ್ನೊಬ್ಬರ ಇಷ್ಟ ಕೇಳಲು ಬರುತ್ತದೆ, ಅದೂ ಎಷ್ಟು ಚೆನ್ನಾಗಿ ಬರುತ್ತದೆ ಎಂದು ನೋಡುತ್ತ ಕೂತಿದ್ದೆ.

ಆಡಿದರು. ಅರವತ್ತೊಂದಾಯಿತು. ಕೊನೆಕೊನೆಗೆ ರೂಫಸ್ ಎಲ್ಲಿಂದಲೋ ಬಂದ ಚೆಂಡನ್ನು ಎದೆಗವಚಿ ಓಡತೊಡಗಿದ. ಒಬ್ಬ ಸೊಂಟಕ್ಕೆ, ಇನ್ನೊಬ್ಬ ಕಾಲಿಗೆ ಜೋತುಬಿದ್ದರು. ಎತ್ತು ನೇಗಿಲೆಳೆದಂತೆ ಅವರನ್ನೂ ಎಳೆದುಕೊಂಡು ಹೋಗಿ ಗೆರೆಯಾಚೆ ಬಿದ್ದ. ಆರು ಅಂಕ! ಇಡೀ ಕ್ರೀಡಾಂಗಣ ಎದ್ದು ನಿಂತಿತು ಅಕ್ಕಾ, ಡನ್‌ಮೋರ್‌ನವರೂ. ಅವರ ವಾದ್ಯದವರೇ ನಮಗಾಗಿ ಕಹಳೆ ಊದಿದರು. ಸೋಲಲಿ ಎಂದು ಬೇಡಿಕೊಂಡ ನಿನ್ನ ತಂಗಿ ಬೆಂಚಿನ ಮೇಲೆ ಹತ್ತಿ, ಹ್ಯಾಟು ಹಾರಿಹೋದದ್ದೂ ತಿಳಿಯದೆ, “ಇನ್ನೊಂದು! ಇನ್ನೊಂದು!” ಎಂದು ಗಂಟಲು ಹರಿದುಕೊಂಡಳು. ಇನ್ನೊಂದು ಬಂದರೆ ಗೆದ್ದೇಬಿಡುವ ಹಾಗೆ.

ಸಂಜೆ ಹೋಟೆಲಿನ ಜಗಲಿಯಲ್ಲಿ ಥಾಕ್ಸ್‌ಟನ್ ಸಿಕ್ಕಿ, ಈ ಅಂಕ ಹಿಡಿದುಕೊಂಡು ಟ್ರಸ್ಟಿಗಳ ಮುಂದೆ ಹೇಗೆ ಹೋಗಲಿ ಎಂದು ಕೈ ಕುಲುಕಿ ಹೊರಟುಹೋದ. ಹೋಯ್ಟ್ ಬೇಸರ ಪಟ್ಟಂತೆ ಕಾಣಲಿಲ್ಲ. ಮರುದಿನ ರೈಲಿನ ಊಟದ ಬೋಗಿಯಲ್ಲಿ ಕೂತಾಗ ಅವನೇ ಮಾತು ತೆಗೆದ.

“ಬೇಜಾರಾಯ್ತಾ ನಿಂಗೆ? ಆ ಕೆಲಸ ಹೋಯ್ತಲ್ಲ.”

“ಇಲ್ಲ.”

“ಸ್ವಲ್ಪಾನೂ?”

“ನಂಗೆ ಹೋಗೋಕೆ ಇಷ್ಟಾನೇ ಇರ್ಲಿಲ್ಲ ಹೋಯ್ಟ್.”

ಬಾಯಿಗೆ ಒಯ್ಯುತ್ತಿದ್ದ ಫೋರ್ಕು ಅಲ್ಲೇ ನಿಂತಿತು. “ಮತ್ತೆ ಹೇಳಬಾರ್ದಾಗಿತ್ತಾ?”

“ನೀನು ಕೇಳಬಾರ್ದಾಗಿತ್ತಾ? ಆ ಹುಡುಗರನ್ನ ಒಬ್ಬೊಬ್ಬರನ್ನೇ ಕೇಳ್ದೆ. ಹದಿನಾಲ್ಕು ವರ್ಷದಲ್ಲಿ ನನ್ನನ್ನ ಒಂದ್ಸಲ ಕೇಳಿದ್ಯಾ?”

ಜಗಳವಾಡುವ ದನಿಯಲ್ಲಿ ಹೇಳಲಿಲ್ಲ ಅಕ್ಕಾ. ಅವನು ಫೋರ್ಕು ಕೆಳಗಿಟ್ಟು, ತನ್ನ ಪಾಲಿನ ಸಿಹಿ ಪೆಕನ್ ಪೈಯನ್ನು ನನ್ನ ಮುಂದಕ್ಕೆ ತಳ್ಳಿದ. ಹೋಯ್ಟ್ ಪೈ ಬಿಟ್ಟುಕೊಡುವುದೆಂದರೇನು ಎಂದು ನಿನಗೆ ಗೊತ್ತು.

“ಮೊದಲನೇ ಊರಲ್ಲೇ ಕೇಳ್ಬೇಕಾಗಿತ್ತು,” ಎಂದ.

“ಅಲ್ಲಿ ಕೇಳಿದ್ರೆ ಹೋಗೋಣ ಅಂತಿದ್ದೆ. ಆ ಊರು ನಂಗೂ ಸೇರ್ತಿರ್ಲಿಲ್ಲ,” ಎಂದೆ. ಆಮೇಲೆ ಇಬ್ಬರಿಗೂ ನಗು ತಡೆಯಲಾಗಲಿಲ್ಲ. ಆಚೆ ಮೇಜಿನಲ್ಲಿದ್ದ ಹುಡುಗರು, ಇವರಿಗೇನಾಯಿತು ಎಂದು ತಿರುಗಿ ತಿರುಗಿ ನೋಡಿದರು.

ಆ ಬೆಳಗಿನ ಪ್ರಾರ್ಥನೆಯ ಮಾತನ್ನು ಮಾತ್ರ ಅವನಿಗೆ ಹೇಳಿಲ್ಲ. ಹೇಳುವುದೂ ಇಲ್ಲ. ರೂಫಸ್‌ನ ಕಣ್ಣು ಇಳಿಯುತ್ತಿದೆಯಂತೆ. ನಾಳೆ ಅವನ ತಾಯಿಯನ್ನು ನೋಡಿಬರುತ್ತೇನೆ. ಅಮ್ಮನಿಗೆ ನಮಸ್ಕಾರ ಹೇಳು. ಅವಳು ಕೇಳಿದರೆ, ಸ್ವಲ್ಪದರಲ್ಲಿ ಸೋತರು ಎನ್ನು.

ನಿನ್ನ ಒಲವಿನ ತಂಗಿ,
ವೆಲ್ಮಾ

ತಾ.ಕ.: ಮಂಗಳವಾರ ಬೆಳಿಗ್ಗೆ. ಲಕೋಟೆ ಅಂಟಿಸುವ ಮೊದಲೇ ಫೋನು ಬಂತು, ಥಾಕ್ಸ್‌ಟನ್‌ನದು. ಅವರ ಹಿರಿಯ ಟ್ರಸ್ಟಿಯೊಬ್ಬರು ಅವತ್ತು ಜನರ ನಡುವೆ ಕೂತು ಆಟ ನೋಡಿದ್ದರಂತೆ. ಅರವತ್ತು ಅಂಕ ಹಿಂದಿದ್ದೂ ಹುಡುಗರನ್ನು ಹಾಗೆ ಓಡಿಸಬಲ್ಲವನೇ ನಮಗೆ ಬೇಕು ಎಂದರಂತೆ. ಕೆಲಸ ಹೋಯ್ಟ್‌ನದೇ, ಈಗಲೇ ಉತ್ತರ ಬೇಕು. ಹೋಯ್ಟ್ ಫೋನಿನ ಬಾಯಿಗೆ ಅಂಗೈ ಮುಚ್ಚಿ, ಎಲ್ಲವನ್ನೂ ನನಗೆ ಹೇಳಿ, “ಏನ್ ಮಾಡೋಣ?” ಎಂದ. ಬೇಡ ಎಂದು ತಲೆ ಅಲ್ಲಾಡಿಸಿದೆ. ಅವನು ಅಂಗೈ ತೆಗೆದು, “ತುಂಬಾ ಉಪಕಾರ ಆಯ್ತು ಸ್ವಾಮಿ. ಆದ್ರೆ ನಮಗೆ ಇಲ್ಲೇ ಚೆನ್ನಾಗಿದೆ,” ಎಂದು ಫೋನ್ ಇಟ್ಟ. ‘ನನಗೆ’ ಅನ್ನಲಿಲ್ಲ ಅಕ್ಕಾ. ‘ನಮಗೆ’ ಅಂದ.