ತಡಿಯವಾ ಗಂಗೂ, ನಾನೂ ಬಂದ್ನಿ

ಜುಲೈ ೩೩, ೨೧೪೧
ಬಳ್ಳಾರಿ, ನೆಲದ ಕೆಳಗಿನ ಎರಡನೇ ಅಂತಸ್ತು

ನನಗೆ ಮದುವೆಯಾಯಿತು ಗಂಗೂ ಅಜ್ಜಿ, ಅದೂ ನಿಮ್ಮ ಮರಿಮಗನ ಮಗ ಕೊಟ್ರೇಶನ ಜೊತೆ! ಎಲ್ಲಕ್ಕಿಂತ ಮೊದಲು ಇದನ್ನು ಹೇಳಿಬಿಡಬೇಕಿತ್ತು, ಹೇಳಿದೆ. ಇನ್ನು ಕ್ಷಮೆ ಕೇಳುವ ಕೆಲಸ. ಮೇಲಿನ ತಾರೀಖು ನೋಡಿ ಯಾರೋ ಚೇಷ್ಟೆ ಮಾಡುತ್ತಿದ್ದಾರೆ ಎಂದುಕೊಳ್ಳಬೇಡಿ. ನಮ್ಮ ಕ್ಯಾಲೆಂಡರಿನಲ್ಲಿ ಮೇ ತಿಂಗಳಿಲ್ಲ. ಆ ತಿಂಗಳಲ್ಲಿ ಹೊರಗೆ ಹೋಗಿ ಬದುಕಿ ಬರುವವರು ಕಡಿಮೆಯಾದ ಮೇಲೆ ಅದನ್ನೇ ತೆಗೆದು, ಅದರ ದಿನಗಳನ್ನು ಉಳಿದ ತಿಂಗಳುಗಳಿಗೆ ಹಂಚಿಬಿಟ್ಟರು. ಬಿಸಿಲಿಗೆ ಮಾತ್ರ ಈ ಸುದ್ದಿ ಇನ್ನೂ ತಲುಪಿಲ್ಲ. ನನ್ನ ಕನ್ನಡಕ್ಕೂ ಕ್ಷಮೆ ಇರಲಿ. ನಾನು ಇಂಗ್ಲಿಷ್ ಮೀಡಿಯಂ ಹುಡುಗಿ. ಕನ್ನಡ ಬರೆಯಲು ಕಲಿತದ್ದು ಮದುವೆ ನಿಶ್ಚಯವಾದ ಮೇಲೆ, ಕೊಟ್ರೇಶನಿಗೆ ಅವನ ಭಾಷೆಯಲ್ಲೇ ಬರೆಯಬೇಕೆಂಬ ಹಟಕ್ಕೆ. ನಡುನಡುವೆ ನಿಮಗೆ ಗೊತ್ತಿಲ್ಲದ ಪದಗಳು ಬರುತ್ತವೆ, ಬಂದಲ್ಲೇ ಬಿಡಿಸಿ ಹೇಳುತ್ತೇನೆ. ನಿಮ್ಮನ್ನು ಅಜ್ಜಿ ಎನ್ನಲು ನನಗೇ ನಗು ಬರುತ್ತದೆ, ಏಕೆಂದರೆ ಇದನ್ನು ಓದುವ ಹೊತ್ತಿಗೆ ನೀವು ನನಗಿಂತ ಚಿಕ್ಕವರು, ನಿಮಗಿನ್ನೂ ಮದುವೆಯೂ ಆಗಿಲ್ಲ. ಆಗುತ್ತದೆ, ಚಿಂತೆ ಬೇಡ! ಯಾರ ಜೊತೆ ಎಂದು ಹೇಳಲು ಅನುಮತಿಯಿಲ್ಲ, ಆದರೆ ಮೂಗು ಬಹಳ ಚೆನ್ನಾಗಿದೆ. ಕೊಟ್ರೇಶನಿಗೆ ಬಂದಿರುವುದು ಅದೇ ಮೂಗು.

ನನ್ನ ಹೆಸರು ಐಸಿರಿ. ಇಂಥ ಪತ್ರಕ್ಕೆ ನಮ್ಮಲ್ಲಿ ಹಿಂದೋಲೆ ಎನ್ನುತ್ತಾರೆ, ಹಿಂದಿನವರಿಗೆ ಬರೆಯುವ ಓಲೆ. ಇದು ನಿಮ್ಮ ಗಿರಗಿಟ್ಲೆ ಕಂಪನಿಯದೇ ಇತ್ತೀಚಿನ ಸಾಧನೆ, ಮದುವೆಯ ಪ್ಯಾಕೇಜು ಕೊಂಡವರಿಗೆ ಒಂದು ಉಚಿತ. ಹಿಂದಿನ ಯಾವುದೋ ದಿನ ಕಂಪನಿಯ ಯಾವ ಆಟದ ಯಂತ್ರ ಚಾಲೂ ಇತ್ತೋ ಅದರ ಪರದೆಯ ಮೇಲೆ ಅಕ್ಷರಗಳು ಮೂಡುತ್ತವೆ. ಹೆಚ್ಚಿನವರು ಮದುವೆಯ ಫೋಟೋ ಕಳಿಸಿ ಮುಗಿಸುತ್ತಾರೆ. ಕಳಿಸುವ ಮುನ್ನ ಕಂಪನಿಯ ಯಂತ್ರ ಓದಿ, ಲಾಟರಿ ನಂಬರು, ಚುನಾವಣೆಯ ಫಲಿತಾಂಶ ಇದ್ದರೆ ಅಳಿಸುತ್ತದೆ. ಮನೆಗೆ ಬಂದ ಸೊಸೆ ಆ ಮನೆಯ ಹಿರಿಯಳಿಗೆ ಹೇಳುವ ಮಾತನ್ನು ಅದು ಮಾತೆಂದೇ ಎಣಿಸುವುದಿಲ್ಲ. ಅದೇ ನನ್ನ ಧೈರ್ಯ.

ನೀವು ಈಗ ಹುಬ್ಬಳ್ಳಿಯ ಗಿರಗಿಟ್ಲೆ ಆಫೀಸಿನಲ್ಲಿ ಆಟಗಳನ್ನು ಆಡಿ ಪರೀಕ್ಷಿಸುವ ಕೆಲಸದಲ್ಲಿದ್ದೀರಿ. ವಾರದ ಕೊನೆಗೆ ಯಂತ್ರವೊಂದನ್ನು ಚೀಲದಲ್ಲಿ ಹಾಕಿಕೊಂಡು ಗದಗಿನ ಮನೆಗೆ ಹೋಗುತ್ತೀರಿ. ಈ ಓಲೆ ಮೂಡುವುದೂ ಅಲ್ಲೇ, ಆ ಯಂತ್ರದಲ್ಲಿ. ಕಂಪನಿಯ ಮೂರನೇ ಯಂತ್ರ ಅಂಗಡಿಗೆ ಬಂದ ವಾರವೇ ಖಾಲಿಯಾಗಿದೆ, ಜಪಾನಿನವರೂ ಬಂದು ನೋಡಿ ಹೋಗಿದ್ದಾರೆ, ಕ್ಯಾಂಟೀನಿನ ಗೋಡೆಗೆ ಪತ್ರಿಕೆಯ ತುಣುಕು ಅಂಟಿಸಿದ್ದಾರೆ: ಈ ಕಂಪನಿಗೆ ಉಜ್ವಲ ಭವಿಷ್ಯವಿದೆ, ಮುಂದೆ ಇದು ಪ್ರತಿ ಮನೆಯನ್ನೂ ಹೊಕ್ಕೀತು, ಆಟಕ್ಕೂ ಕೆಲಸಕ್ಕೂ ನಡುವಿನ ಗೆರೆಯನ್ನೇ ಅಳಿಸೀತು. ನಿಮಗೆ ಹೆಮ್ಮೆ. ಇರಬೇಕಾದದ್ದೇ. ಆ ಬರಹದ ಒಂದು ಮಾತೂ ಸುಳ್ಳಾಗಲಿಲ್ಲ ಅಜ್ಜಿ, ಅದೇ ಕಷ್ಟ.

ಯಂತ್ರ ಮೊದಲು ತಟ್ಟೆಯಷ್ಟಾಯಿತು, ಆಮೇಲೆ ಬಳೆಯಷ್ಟು, ಆಮೇಲೆ ಮನೆಯ ಗೋಡೆಯೊಳಗೇ ಸೇರಿಕೊಂಡಿತು. ಆದರೆ ಕಂಪನಿಯನ್ನು ಬೆಳೆಸಿದ್ದು ಯಂತ್ರವಲ್ಲ, ನೆರಳು. ನಿಮ್ಮ ಬಂಡಿ ಓಟದ ಆಟದಲ್ಲಿ, ಹಿಂದಿನ ಸುತ್ತಿನಲ್ಲಿ ನೀವು ಓಡಿಸಿದ ಬಂಡಿಯೇ ಮಸುಕಾಗಿ ಪಕ್ಕದಲ್ಲಿ ಓಡುತ್ತದಲ್ಲ, ನಿಮ್ಮ ಜೊತೆ ನೀವೇ ಪಂದ್ಯ ಕಟ್ಟಲಿ ಎಂದು? ಅದೇ ನೆರಳಿನ ಬೀಜ. ನೀವು ಎಲ್ಲಿ ಅಂಜುತ್ತೀರಿ, ಎಲ್ಲಿ ನುಗ್ಗುತ್ತೀರಿ, ತಿರುವಿನಲ್ಲಿ ಬೆರಳು ಎಷ್ಟು ಸಡಿಲಿಸುತ್ತೀರಿ, ಎಲ್ಲವನ್ನೂ ಯಂತ್ರ ಹೀರಿಕೊಂಡಿತು. ಕೆಲವು ವರ್ಷಗಳಲ್ಲಿ ನೆರಳು ಆಡುವವರಿಲ್ಲದೆಯೇ ಆಡತೊಡಗಿತು. ಇನ್ನೂ ಕೆಲವು ವರ್ಷಗಳಲ್ಲಿ ಆಟವಿಲ್ಲದೆಯೇ ದುಡಿಯತೊಡಗಿತು. ಬಂಡಿ ಓಡಿಸಿದ ನೆರಳಿಗೆ ಲಾರಿ ಕೊಟ್ಟರು, ಬಣ್ಣದ ಚೌಕ ಜೋಡಿಸಿದ ನೆರಳಿಗೆ ಗೋದಾಮು. ಆಸ್ಪತ್ರೆಯಲ್ಲಿ ಡ್ರಿಪ್ ಹಾಕುವುದೂ ಈಗ ಯಾರದೋ ನೆರಳೇ. ನೆರಳಿಗೆ ಊಟವಿಲ್ಲ, ರಜೆಯಿಲ್ಲ, ಸಾವಂತೂ ಇಲ್ಲ. ಬದುಕಿರುವವರಿಗೆ ಉಳಿದದ್ದು ನೆರಳು ಕಲಿಯದ ಕೆಲಸಗಳು ಮಾತ್ರ, ಅಂದರೆ ಬಿಸಿಲಿನಲ್ಲಿ ಮಾಡಬೇಕಾದವು. ನೆರಳು ಕೊಟ್ಟವರ ವಾರಸುದಾರರಿಗೆ ಪ್ರತಿ ದೀಪಾವಳಿಗೂ ಕಂಪನಿಯಿಂದ ಒಂದು ಡಬ್ಬಿ ಪೇಢೆ ಬರುತ್ತದೆ. ಹಾಲಿನದಲ್ಲ. ರುಚಿ ಪರವಾಗಿಲ್ಲ.

ಕೊಟ್ರೇಶನದು ಅಂಥ ಬಿಸಿಲಿನ ಕೆಲಸ. ಹಳಿಗಳು ಕಾದು ಸೊಟ್ಟಗಾಗದಂತೆ ಸುಣ್ಣ ಬಳಿಯುತ್ತಾನೆ. ಬೆಳಗ್ಗೆ ಬಿಸಿಲ್ಗಟ್ಟಿನ ಸೈರನ್ ಕೂಗಿದರೆ ಯಾರೂ ಹೊರಗಿರಬಾರದು, ಸಂಜೆ ಇನ್ನೊಮ್ಮೆ ಕೂಗುವವರೆಗೆ ಕಟ್ಟು. ಸುಣ್ಣದವರು ಮಾತ್ರ ಕಟ್ಟಿಗೆ ಮೊದಲು ಸ್ವಲ್ಪ, ಬಿಟ್ಟ ಮೇಲೆ ಸ್ವಲ್ಪ ದುಡಿದು, ನಡುವೆ ಹಳಿಯ ಕೆಳಗಿನ ಮೋರಿಗಳಲ್ಲಿ ಮಲಗಿರುತ್ತಾರೆ. ಸಂಜೆ ಅವರನ್ನೂ, ದೂರದ ನೆಲಮನೆಗಳಿಂದ ನೀರಿನ ಕ್ಯಾನು ಹೊತ್ತು ಬರುವವರನ್ನೂ ಹತ್ತಿಸಿಕೊಳ್ಳುವುದು ಬಳ್ಳಾರಿ–ಗದಗ ಪ್ಯಾಸೆಂಜರ್. ಹಾಲ್ಟಿನಲ್ಲಿ ಮರವಿಲ್ಲ, ನೀರಿಲ್ಲ. ರೈಲು ತಪ್ಪಿದವನಿಗೆ ಬೆಳಗಿನವರೆಗೆ ಕಾದ ಕಲ್ಲಿನ ಉಬ್ಬೆ. ಬೆಳಗ್ಗೆ ಮತ್ತೆ ಬಿಸಿಲು.

ಆ ಪ್ಯಾಸೆಂಜರ್ ಓಡಿಸುವುದು ನೀವು.

ನಿಮ್ಮ ನೆರಳು ಎನ್ನಬೇಕು, ಕ್ಷಮಿಸಿ. ಈ ಕಡೆಯಲ್ಲಿ ಎಲ್ಲರೂ ‘ಗಂಗೂನ ಗಾಡಿ’ ಎಂದೇ ಕರೆಯುತ್ತಾರೆ. ಏಕೆಂದರೆ ಅದು ಕಾಯುತ್ತದೆ. ದೂರದ ದಾರಿಯಲ್ಲಿ ಒಬ್ಬರು ಬರುವುದು ಕಂಡರೂ ಸಾಕು, ಬಾಗಿಲು ಮುಚ್ಚುವುದಿಲ್ಲ. ಆಗ ಇಂಜಿನ್ನಿನ ಸ್ಪೀಕರಿನಿಂದ ಒಬ್ಬ ಹೆಂಗಸಿನ ಧ್ವನಿ, ಏದುಸಿರಿನಲ್ಲಿ, ನಗುತ್ತಾ: “ತಡಿಯವಾ ಗಂಗೂ, ನಾನೂ ಬಂದ್ನಿ!” ನಿಮ್ಮ ತಾಯಿ! ನೀವು ಮನೆಯಲ್ಲಿ ಬಂಡಿ ಓಟ ಆಡುವಾಗ ಎರಡನೇ ರಿಮೋಟು ಹಿಡಿದು, ಪ್ರತಿ ತಿರುವಿನಲ್ಲೂ ಹೊಲಕ್ಕೆ ನುಗ್ಗಿ, ಹಾಗೆ ಕೂಗುತ್ತಾರಲ್ಲ. ಕೂಗಿದಾಗಲೆಲ್ಲ ನೀವು ಗೆಲುವಿನ ಗೆರೆಯ ಹತ್ತಿರ ಬಂಡಿ ನಿಲ್ಲಿಸಿ ಅವರು ಬರುವವರೆಗೆ ಕಾಯುತ್ತೀರಲ್ಲ. ಯಂತ್ರ ಆ ಕೂಗನ್ನೂ ಆ ಕಾಯುವಿಕೆಯನ್ನೂ ಒಂದೇ ಗಂಟಾಗಿ ನುಂಗಿದೆ, ಬಿಡಿಸಲು ಯಾರಿಗೂ ಆಗಿಲ್ಲ. ಮಕ್ಕಳು ಆಟದಲ್ಲಿ ಹಾಗೆಯೇ ಕೂಗುತ್ತಾರೆ. ಹೆಣ ಎತ್ತುವಾಗ ಹಿಂದೆ ಉಳಿದ ನೆಂಟರೂ ಹಾಗೆಯೇ ಕೂಗುತ್ತಾರೆ.

ನಾನು ಮೊದಲ ಸಲ ಆ ಗಾಡಿ ಹತ್ತಿದಾಗ ಇದೊಂದೂ ಗೊತ್ತಿರಲಿಲ್ಲ. ಗುಂಡಿಗೇರಿ ಹಾಲ್ಟಿನಲ್ಲಿ ಗಾಡಿ ನಿಂತೇ ಇದೆ, ಎಸಿ ಕೈಕೊಟ್ಟಿದೆ, ನಾನು ಇಂಗ್ಲಿಷಿನಲ್ಲಿ ಡ್ರೈವರನ್ನು ಬೈಯುತ್ತಿದ್ದೇನೆ. ಅಷ್ಟರಲ್ಲಿ ಮೊಣಕೈವರೆಗೆ ಸುಣ್ಣ ಮೆತ್ತಿಕೊಂಡ ಒಬ್ಬ ಕುಂಟುತ್ತಾ ಬಂದು ಹತ್ತಿದ. ಅವನ ಎಡಗಾಲಿಗೆ ಹಳಿ ಬಿದ್ದು ಪೆಟ್ಟಾಗಿದೆ, ಯಾವಾಗಲೂ ಎಲ್ಲರಿಗಿಂತ ಹಿಂದೆ. ನನ್ನ ಮುಖ ನೋಡಿ, “ಸಿಟ್ಟಾಗಬ್ಯಾಡ್ರೀ ಮೇಡಂ, ಡ್ರೈವರ್ ನಮ್ಮ ಮನಿಯಾಕಿ” ಎಂದ. ಇದಕ್ಕೆ ಡ್ರೈವರೇ ಇಲ್ಲ, ಬರೀ ನೆರಳು ಎಂದು ನಾನು ಪಾಠ ಹೇಳಲು ಹೋದೆ. “ನೆರಳಿಗೂ ಮನಿತನ ಇರತೈತ್ರೀ” ಎಂದು ನನ್ನ ಪಕ್ಕದಲ್ಲೇ ಕುಳಿತ. ನನ್ನ ಒಳ್ಳೆಯ ಕುರ್ತಾದ ಮೇಲೆ ಸುಣ್ಣದ ಐದು ಬೆರಳು! ಇನ್ನೂ ಒಗೆದಿಲ್ಲ.

ಈಗ ನೀಲವ್ವನ ವಿಷಯ ಹೇಳಬೇಕು. ಕೊಟ್ರೇಶನ ಸೋದರತ್ತೆ, ಅವನನ್ನು ಸಾಕಿದವರು. ಮದುವೆಯ ಹಿಂದಿನ ದಿನ ನನಗೆಂದು ಹಸಿರು ಬಳೆ ತರಲು ಹೋಗಿದ್ದರು. ಮರಳುವಾಗ ಅವಸರಕ್ಕೆ, ನಮ್ಮ ಪ್ಯಾಸೆಂಜರ್ ಬಿಟ್ಟು, ಅದಕ್ಕಿಂತ ಮುಂಚೆ ಬರುವ ಹುಬ್ಬಳ್ಳಿ ಎಕ್ಸ್‌ಪ್ರೆಸ್ ಹಿಡಿಯಲು ಬಿಸಿಲ್ಗಟ್ಟು ಸಡಿಲುವ ಮೊದಲೇ ಹೊರಟರು. ಎಕ್ಸ್‌ಪ್ರೆಸ್ ಓಡಿಸುವ ನೆರಳು ನಿಮ್ಮ ಆಫೀಸಿನ ವಿನೀತನದು. ಹೌದು, ನಿಮ್ಮನ್ನು ಯಾವಾಗಲೂ ಸೋಲಿಸಿ, ಆಮೇಲೆ ಗಿರ್ಮಿಟ್ ಕೊಡಿಸುತ್ತಾನಲ್ಲ, ಅವನೇ. ಅವನ ಮೇಲೆ ನನಗೆ ಕೋಪವಿಲ್ಲ. ಆಟದಲ್ಲಿ ಗೆಲ್ಲುವುದು ತಪ್ಪೇ? ನೀಲವ್ವ ಕೈ ಬೀಸುತ್ತಾ ಓಡಿ ಬರುವುದು ರೈಲಿನ ಎಲ್ಲ ಕಿಟಕಿಗಳಿಗೂ ಕಾಣುತ್ತಿತ್ತಂತೆ. ಬಾಗಿಲು ವೇಳೆಗೆ ಸರಿಯಾಗಿ ಮುಚ್ಚಿತು. ಆಮೇಲೆ ಬಂದ ಗಂಗೂನ ಗಾಡಿಯವರು ಅವರನ್ನು ಹಾಲ್ಟಿನ ಬೋರ್ಡಿನ ನೆರಳಿನಲ್ಲಿ ಕಂಡರು. ಬೋರ್ಡು ಚಿಕ್ಕದು, ತಲೆಗಷ್ಟೇ ನೆರಳಿತ್ತು. ಗಾಡಿ ಬಾಗಿಲು ತೆರೆದುಕೊಂಡು ಅವರಿಗಾಗಿ ಬಹಳ ಹೊತ್ತು ಕಾದಿತ್ತಂತೆ. ಬಳೆಗಳು ಒಂದೂ ಒಡೆದಿರಲಿಲ್ಲ. ಮದುವೆ ಮುಂದೂಡಬೇಡಿ, ನೀಲವ್ವನ ಜೀವ ಒಪ್ಪುವುದಿಲ್ಲ ಎಂದು ಹಿರಿಯರು ಹೇಳಿದರು. ಅವೇ ಬಳೆ ತೊಟ್ಟು ನಾನು ಧಾರೆಗೆ ನಿಂತೆ. ಈಗಲೂ ತೊಟ್ಟೇ ಬರೆಯುತ್ತಿದ್ದೇನೆ, ಕೀ ಒತ್ತಿದಾಗಲೆಲ್ಲ ಸದ್ದಾಗುತ್ತದೆ.

ಮದುವೆಯ ಮರುವಾರವೇ ಆಷಾಢ ಬಂತು. ಹೊಸ ಸೊಸೆ ಆಷಾಢದಲ್ಲಿ ತವರಿನಲ್ಲಿರಬೇಕು ಎಂಬ ಪದ್ಧತಿ ಇನ್ನೂ ಇದೆ, ನಂಬುತ್ತೀರಾ? ಮೇ ತಿಂಗಳನ್ನೇ ತೆಗೆದುಹಾಕಿದವರಿಗೆ ಆಷಾಢ ತೆಗೆಯಲು ಆಗಲಿಲ್ಲ! ನಾನು ಬಳ್ಳಾರಿಯಲ್ಲಿ, ಅವನು ಮೋರಿಗಳಲ್ಲಿ. ಇದರ ನಡುವೆ, ವಾರಸುದಾರರೆಂದು ಅವರ ಮನೆಗೆ ಕಂಪನಿಯ ತಿಳಿವಳಿಕೆ ಬಂದಿದೆ. ಬರುವ ಗುರುವಾರ ನಿಮ್ಮ ನೆರಳಿಗೆ ಸಾಣೆ. ಸಾಣೆ ಎಂದರೆ ನೆರಳಿನ ಅಂಕುಡೊಂಕು ಉಜ್ಜಿ ನುಣುಪು ಮಾಡುವುದು. ಗಾಡಿ ಅನಗತ್ಯವಾಗಿ ನಿಲ್ಲುತ್ತದೆ, ಹೊರಗಿನವರ ಕೂಗು ಬೆರೆತಿದೆ, ಆದ್ದರಿಂದ ಮನೆಯಲ್ಲಿ ಆಡಿದ ಸುತ್ತುಗಳನ್ನೆಲ್ಲ ಕಿತ್ತುಹಾಕಿ, ಆಫೀಸಿನಲ್ಲಿ ಆಡಿದ ಸುತ್ತುಗಳಿಂದಲೇ ಹೊಸದಾಗಿ ಕಟ್ಟುತ್ತಾರೆ. ಆಫೀಸಿನ ಸುತ್ತುಗಳಲ್ಲಿ ಏನಿದೆ ಎಂದು ನೋಡಿದವರಿಲ್ಲ, ಅವನ್ನು ಯಾರಿಗೂ ತೋರಿಸುವುದಿಲ್ಲ. ಆದರೆ ನಿಮ್ಮದೊಂದು ಜಂಬದ ಮಾತು ಮನೆಯಲ್ಲಿ ತಲೆಮಾರಿನಿಂದ ಇಳಿದು ಬಂದಿದೆ: “ಮನ್ಯಾಗ ಅವ್ವನ ಸಲುವಾಗಿ ನಿಲ್ಲತೇನಿ. ಆಫೀಸಿನ್ಯಾಗ ನಾನೂ ಬಿರುಗಾಳಿನ!” ಅದನ್ನು ಹೇಳಿ ಕೊಟ್ರೇಶ ನಕ್ಕ. ಬಿರುಗಾಳಿ ಹಾಲ್ಟಿನಲ್ಲಿ ಯಾರಿಗಾಗಿಯೂ ಕಾಯುವುದಿಲ್ಲವಲ್ಲ ಎಂದೆ ನಾನು.

ನಿಜ ಹೇಳುತ್ತೇನೆ, ಮೊದಲು ನಾನು ಬರೆಯಲು ಕುಳಿತದ್ದು ಬೇರೆಯೇ ಪತ್ರ. ಮುಂದೆ ಒಂದು ದಿನ ಕಂಪನಿ ನಿಮ್ಮ ನೆರಳನ್ನು ಕೇಳಿ ನಿಮ್ಮ ಮುಂದೆ ‘ಒಪ್ಪಿದ್ದೇನೆ’ ಎಂಬ ಗುಂಡಿ ಇಡುತ್ತದೆ, ಒತ್ತಬೇಡಿ, ಓಡಿಹೋಗಿ ಎಂದು. ಯಾರದೋ ಬೆರಳಿನ ಆಟವನ್ನು ಕಿತ್ತು, ಬಿಡುವಿಲ್ಲದೆ, ಕೊನೆಯಿಲ್ಲದೆ ದುಡಿಸುವುದು ನ್ಯಾಯವಲ್ಲ. ನೆರಳಿಗೆ ಏನೂ ಅನಿಸುವುದಿಲ್ಲ ಎಂದು ಕಂಪನಿ ಹೇಳುತ್ತದೆ. ಆದರೆ ಪ್ರತಿ ಸಂಜೆ ತಾಯಿಯ ಕೂಗು ಕೇಳಿ ನಿಂತು, ಬಾಗಿಲು ತೆರೆದು, ಹತ್ತಿದವರಲ್ಲಿ ತಾಯಿ ಇಲ್ಲದೆ ಮತ್ತೆ ಹೊರಡುವುದು ನನಗೆ ಏನೂ ಅನಿಸದವರು ಮಾಡುವ ಕೆಲಸದಂತೆ ಕಾಣುವುದಿಲ್ಲ. ಆ ಪತ್ರವನ್ನು ಅರ್ಧಕ್ಕೇ ಅಳಿಸಿದೆ. ನೀವು ಒತ್ತದಿದ್ದರೆ ಪ್ಯಾಸೆಂಜರಿಗೂ ವಿನೀತನನ್ನೇ ಕೂರಿಸುತ್ತಿದ್ದರು. ಆಗ ಹಾಲ್ಟಿನ ಬೋರ್ಡಿನ ಕೆಳಗೆ ಎಷ್ಟು ಜನ, ಅವರಲ್ಲಿ ಕುಂಟುವವನು ಎಷ್ಟನೆಯವನು? ನಾನು ಸ್ವಾರ್ಥಿ, ಗೊತ್ತು. ಮದುವೆಯಾಗಿ ಒಂದು ತಿಂಗಳೂ ಒಟ್ಟಿಗಿದ್ದವಳಲ್ಲ.

ಆದ್ದರಿಂದ ಕೇಳುವುದು ಇಷ್ಟು. ಸೋಮವಾರ ಆಫೀಸಿಗೆ ಹೋದಾಗ, ವಿನೀತ ಪಕ್ಕದಲ್ಲಿ ಕುಳಿತು ಪಂದ್ಯ ಕಟ್ಟಿದಾಗ, ನೀವು ಮುಂದಿದ್ದರೂ ಗೆರೆಯ ಹತ್ತಿರ ನಿಲ್ಲಿ. ಯಾರೂ ಕೂಗದಿದ್ದರೂ ನಿಲ್ಲಿ. ಹಿಂದೆ ಒಂದು ಬಂಡಿ ಬರುತ್ತಿದ್ದರೆ ಅದು ಬರುವವರೆಗೆ ಕಾಯಿರಿ. ವಿನೀತ ನಗುತ್ತಾನೆ, “ಏನವಾ ಗಂಗೂ, ಬಂಡ್ಯಾಗ ನಿದ್ದಿ ಹತ್ತೇತೇನು?” ಎನ್ನುತ್ತಾನೆ. ಮೇಲಿನವರು ನಿಮ್ಮ ಆಟ ನಿಧಾನವಾಯಿತೆಂದು ಗೊಣಗುತ್ತಾರೆ, ಹೊಸ ಯಂತ್ರದ ತಂಡಕ್ಕೆ ನಿಮ್ಮನ್ನು ಆರಿಸದೆಯೂ ಹೋಗಬಹುದು. ನಿಮಗೆ ಆ ತಂಡ ಎಷ್ಟು ಬೇಕಿತ್ತು ಎಂಬುದೂ ಮನೆಯ ಮಾತಿನಲ್ಲಿ ಇಳಿದು ಬಂದಿದೆ, ಗೊತ್ತಿದ್ದೇ ಕೇಳುತ್ತಿದ್ದೇನೆ. ಪ್ರತಿ ಸುತ್ತಿನಲ್ಲೂ ಕಾದರೆ, ಕಾಯುವುದು ಯಾವುದು ಓಡಿಸುವುದು ಯಾವುದು ಎಂದು ಸಾಣೆಗೆ ತಿಳಿಯುವುದಿಲ್ಲ. ಒಂದನ್ನು ಉಜ್ಜಿದರೆ ಎರಡೂ ಹೋಗುತ್ತವೆ, ಆಗ ಹಾಗೆಯೇ ಬಿಡಬೇಕಾಗುತ್ತದೆ. ತಾಯಿಯ ಧ್ವನಿಯನ್ನು ಉಳಿಸಲು ನನಗೆ ದಾರಿ ಕಾಣಲಿಲ್ಲ. ಅದು ಗುರುವಾರ ಹೋಗಿಯೇ ಹೋಗುತ್ತದೆ. ಇವತ್ತು ಅವರು ಅಡುಗೆಮನೆಯಿಂದ ಬಂದು ರಿಮೋಟು ಹಿಡಿದರೆ, ದಯವಿಟ್ಟು, ನನ್ನ ಪರವಾಗಿ ಇನ್ನೊಂದು ಸುತ್ತು ಆಡಿ.

ನೀವು ಕಾದಿರೋ ಇಲ್ಲವೋ ನನಗೆ ಉತ್ತರ ಬರುವುದಿಲ್ಲ, ಹಿಂದೋಲೆಗೆ ಮರಳಿ ಬರುವ ದಾರಿಯಿಲ್ಲ. ಗಾಡಿಯೇ ಹೇಳಬೇಕು. ಆಷಾಢ ಮುಗಿಸಿ ನಾನು ಹೊರಡುವ ಗಾಡಿಗೆ ಗುಂಡಿಗೇರಿ ಹಾಲ್ಟಿನಲ್ಲಿ ಕೊಟ್ರೇಶ ಹತ್ತುತ್ತಾನೆ, ಅಲ್ಲಿಂದ ಇಬ್ಬರೂ ಕೂಡಿ ಮನೆಗೆ ಎಂದು ಮಾತಾಗಿದೆ. ಈ ಒಂದು ದಿನ ಬೇಗ ಬಂದು ನಿಂತಿರು ಎಂದು ಅಂಗಲಾಚಿದೆ. “ಸುಣ್ಣ ಮುಗಿಸದ ಬಂದರ ನೀ ಬರೋ ಗಾಡೀನ ಹಳಿ ತಪ್ಪತೈತಿ ಹುಚ್ಚಿ” ಎಂದ. ನಾನು ಕಿಟಕಿಯ ಪಕ್ಕ ಕುಳಿತು, ಬಿಳಿಯ ಹಳಿಯ ಪಕ್ಕದ ದಾರಿಯನ್ನೇ ನೋಡುತ್ತಿರುತ್ತೇನೆ, ಕೈತುಂಬ ನೀಲವ್ವನ ಬಳೆ. ಅಜ್ಜಿ, ನಿಮ್ಮ ಮನೆಯ ಸೊಸೆ ಬರುತ್ತಿದ್ದಾಳೆ: ಸಾಣೆಯ ಮರುದಿನ, ಶುಕ್ರವಾರ, ಸಂಜೆಯ ಬಳ್ಳಾರಿ–ಗದಗ ಪ್ಯಾಸೆಂಜರ್‌ನಲ್ಲಿ.