ಲಂಗರು ಪುಸ್ತಕದಲ್ಲಿ ಇಲ್ಲದ ಕಾಲಂ

ತಿರುವನಂತಪುರದಲ್ಲಿ ಕುಳಿತು ಕೊಚ್ಚಿಯ ಹಡಗುಗಳ ಸರದಿ ನಿಶ್ಚಯಿಸುವ ಮಾನ್ಯ ಅಧಿಕಾರಿಗಳೇ,

ಕಳೆದ ಆಗಸ್ಟಿನಲ್ಲಿ ನಿಮ್ಮ ಸುತ್ತೋಲೆಯನ್ನು ನಂಬಿ ಒಬ್ಬ ಕಪ್ತಾನರು ತಮ್ಮ ಹಡಗನ್ನು ನಿಧಾನವಾಗಿ ಕೊಚ್ಚಿಗೆ ತಂದರು. ಅದಕ್ಕಾಗಿ ಅವರ ಕೆಲಸ ಹೋಯಿತು. ಬರುವ ಜೂನ್ ಇಪ್ಪತ್ತೆರಡರ ವಿಚಾರಣೆಯಲ್ಲಿ ಅವರ ಪರವಾನಗಿಯೂ ಹೋಗಲಿದೆ. ಅದನ್ನು ಉಳಿಸಲು ನೀವು ಬರೆಯುವ ಎರಡು ಸಾಲು ಸಾಕು. ಆ ಎರಡು ಸಾಲನ್ನು ನಾನು ಇಂಗ್ಲಿಷಿನಲ್ಲಿ ನಾಲ್ಕು ಸಲ, ಮಲಯಾಳದಲ್ಲಿ ಮೂರು ಸಲ ಬೇಡಿದ್ದೇನೆ. ನಿಮಗೆ ಗೊತ್ತಿರುವ ಭಾಷೆಗಳಲ್ಲಿ ಬರೆದದ್ದನ್ನು ನೀವು ಓದುವುದಿಲ್ಲ ಎಂದು ಖಚಿತವಾದ್ದರಿಂದ ಈ ಸಲ ನನಗೆ ಗೊತ್ತಿರುವ ಭಾಷೆಯಲ್ಲಿ, ಪತ್ರಿಕೆಯ ಮೂಲಕ ಬರೆಯುತ್ತಿದ್ದೇನೆ. ನಾನು ಕಾಸರಗೋಡಿನವನು, ಭಾಷಾ ಅಲ್ಪಸಂಖ್ಯಾತ. ಕನ್ನಡದಲ್ಲಿ ಅರ್ಜಿ ಹಾಕುವ ಹಕ್ಕು ನನಗುಂಟು ಎನ್ನುತ್ತಾರೆ. ಓದುವ ಬಾಧ್ಯತೆ ಯಾರಿಗುಂಟು ಎಂದು ಯಾರೂ ಹೇಳಿಲ್ಲ.

ನನ್ನ ಹೆಸರು ಮಹಾಲಿಂಗ. ಕೊಚ್ಚಿಯಲ್ಲಿ ನಿಮ್ಮ ಕೈಕೆಳಗಿನ, ಹಡಗುಗಳು ಸರಕು ಇಳಿಸುವ ಧಕ್ಕೆಯ ಸಿಗ್ನಲ್ ಕೋಣೆಯಲ್ಲಿ ಹತ್ತೊಂಬತ್ತು ವರ್ಷಗಳಿಂದ ಲಂಗರು ಪುಸ್ತಕ ಬರೆಯುವ ಗುಮಾಸ್ತ. ಈ ಪುಸ್ತಕ ನೀವು ಕಂಡಿರಲಿಕ್ಕಿಲ್ಲ, ಅದಕ್ಕೇ ಹೇಳುತ್ತೇನೆ. ಅದರಲ್ಲಿ ಮೂರೇ ಕಾಲಂ: ಹಡಗಿನ ಹೆಸರು, ಲಂಗರು ಬಿದ್ದ ಹೊತ್ತು, ಸರದಿಯ ಸಂಖ್ಯೆ. ಹೊರಸಮುದ್ರದಲ್ಲಿ ಯಾರ ಲಂಗರು ಮೊದಲು ಬಿತ್ತೋ ಅವರಿಗೆ ಧಕ್ಕೆ ಮೊದಲು. ಹಾಗಾಗಿ ಪ್ರತಿಯೊಬ್ಬ ಕಪ್ತಾನನೂ ನಮ್ಮ ಧಕ್ಕೆಯಲ್ಲಿ ಜಾಗವಿಲ್ಲ ಎಂದು ಗೊತ್ತಿದ್ದೂ ಎಂಜಿನ್ನನ್ನು ಪೂರ್ತಿ ಬಿಟ್ಟು ಓಡಿ ಬರುತ್ತಾನೆ. ಓಡಿ ಬಂದು ಆರು ದಿನ ನಿಲ್ಲುತ್ತಾನೆ. ಕಿಟಕಿಯಿಂದ ನೋಡಿದರೆ ಏಳೆಂಟು ಹಡಗುಗಳು ಸಾಲಾಗಿ ನಿಂತು, ಎಲ್ಲಿಗೂ ಹೋಗದೆ, ಹೊಗೆ ಬಿಡುತ್ತಿರುತ್ತವೆ. ಜನರೇಟರು ನಿಲ್ಲಿಸುವಂತಿಲ್ಲವಲ್ಲ, ಅಡುಗೆ ಆಗಬೇಕು, ದೀಪ ಉರಿಯಬೇಕು. ಎರ್ನಾಕುಳಂನ ಖಾಸಗಿ ಬಸ್ಸುಗಳು ಹೀಗೆ ಓಡುತ್ತವೆ ಎಂದು ನಾವು ಬೈಯುತ್ತೇವೆ. ಪಾಪ, ಅವಕ್ಕೆ ಮುಂದಿನ ಸ್ಟಾಪಿನಲ್ಲಿ ಪ್ರಯಾಣಿಕರಾದರೂ ಸಿಗುತ್ತಾರೆ.

ನಾನು ಕಲಿತವನಲ್ಲ, ಆದರೆ ಲೆಕ್ಕ ಬರುತ್ತದೆ. ಗುಜರಾತಿನಿಂದ ಉಪ್ಪು ತರುವ ಒಂದು ಸಾಧಾರಣ ಹಡಗು ಗಂಟೆಗೆ ಹನ್ನೆರಡು ನಾಟಿಕಲ್ ಮೈಲಿಯ ಬದಲು ಒಂಬತ್ತರಲ್ಲಿ ಬಂದರೆ ದಾರಿ ಒಂದು ದಿನ ಉದ್ದವಾಗುತ್ತದೆ, ಎಣ್ಣೆ ಹದಿನೇಳು ಟನ್ ಉಳಿಯುತ್ತದೆ. ಹದಿನೇಳು ಟನ್ ಎಣ್ಣೆ ಉರಿಯದಿದ್ದರೆ ಐವತ್ತು ಟನ್ ಇಂಗಾಲದ ಹೊಗೆ ಆಕಾಶ ಸೇರುವುದಿಲ್ಲ. ಇದು ಒಂದು ಹಡಗಿನ ಒಂದು ಸಲದ ಮಾತು. ಇದಕ್ಕೆ ಹೊಸ ಯಂತ್ರ ಬೇಡ, ವಿದೇಶಿ ತಜ್ಞರು ಬೇಡ. ಹಡಗು ಆ ಕಡೆಯ ಬಂದರು ಬಿಡುವಾಗಲೇ ಅದಕ್ಕೆ ಸರದಿಯ ಸಂಖ್ಯೆ ಕೊಟ್ಟು, ಇಂಥ ದಿನ ಇಷ್ಟು ಹೊತ್ತಿಗೆ ಬಾ ಎಂದರೆ ಮುಗಿಯಿತು. ಕಲೂರಿನ ಹಲ್ಲಿನ ಡಾಕ್ಟರರ ನರ್ಸಮ್ಮ ಇದನ್ನು ದಿನಾ ಫೋನಿನಲ್ಲಿ ಮಾಡುತ್ತಾರೆ. ಮೊದಲು ಬಂದವರಿಗೆ ಮೊದಲು ಹಲ್ಲು ಕೀಳುತ್ತೇವೆ ಎಂದು ಅವರು ಹೇಳಿದ್ದರೆ ಅಲ್ಲಿಯೂ ಜನ ಬೆಳಗ್ಗೆ ಆರಕ್ಕೇ ಓಡಿ ಬಂದು ದವಡೆ ಹಿಡಿದುಕೊಂಡು ಕುಳಿತಿರುತ್ತಿದ್ದರು.

ಇದನ್ನೇ ನಾನು ಎರಡು ಪುಟಗಳ ಟಿಪ್ಪಣಿಯಾಗಿ ಬರೆದು ನಿಮಗೆ ಕಳಿಸಿದೆ. ಎಣ್ಣೆಯ ಬೆಲೆ ಆಕಾಶಕ್ಕೇರಿದ ವರ್ಷ ಅದು, ೨೦೦೮. ನೀವು ಒಪ್ಪಿದಿರಿ. ಟಿಪ್ಪಣಿಯಲ್ಲಿ ನನ್ನ ಹೆಸರಿದ್ದ ಜಾಗದಲ್ಲಿ ನಿಮ್ಮ ಹೆಸರು ಬಂತು, ಅದಕ್ಕೆ ನನಗೆ ಬೇಸರವಿಲ್ಲ, ಆಣೆ ಮಾಡಿ ಹೇಳುತ್ತೇನೆ. ಆಗಸ್ಟ್ ಒಂದರಿಂದ ಮೂರು ವಾರ ಪ್ರಯೋಗ ಎಂಬ ಸುತ್ತೋಲೆ ಬಂದ ದಿನ ನಾನು ಸಿಗ್ನಲ್ ಕೋಣೆಯಲ್ಲಿ ಎಲ್ಲರಿಗೂ ಪಾಯಸ ಹಂಚಿದೆ. ಆ ಸಂತೋಷದಲ್ಲಿ ಒಂದು ಸಂಗತಿ ನನ್ನ ಕಣ್ಣಿಗೆ ಬೀಳಲಿಲ್ಲ. ಸುತ್ತೋಲೆ ಬಂದಿತ್ತು, ಮೊದಲೇ ಕೊಟ್ಟ ಸರದಿ ಬರೆಯಲು ಲಂಗರು ಪುಸ್ತಕಕ್ಕೆ ನಾಲ್ಕನೆಯ ಕಾಲಂ ಬಂದಿರಲಿಲ್ಲ. ಫೋನಿನಲ್ಲಿ ಕೇಳಿದಾಗ ನಿಮ್ಮ ಕಚೇರಿ ಹೇಳಿತು: ನಮೂನೆ ಬದಲಿಸಲು ಬೇರೆ ಮಂಜೂರಾತಿ ಬೇಕು, ಈಗ ಹೇಗಾದರೂ ನಡೆಸಿಕೊಂಡು ಹೋಗಿ.

ಪ್ರಯೋಗಕ್ಕೆ ಒಪ್ಪಿದವರು ಒಬ್ಬರೇ, ಕಪ್ತಾನ್ ವಿನ್ಸೆಂಟ್. ವೈಪಿನ್ ದ್ವೀಪದವರು, ಇಪ್ಪತ್ತಾರು ವರ್ಷ ಸಮುದ್ರದಲ್ಲಿ ಕಳೆದವರು. ಆಗಸ್ಟ್ ಏಳರಂದು ಗುಜರಾತಿನಿಂದ ಉಪ್ಪು ತುಂಬಿಕೊಂಡು ಹೊರಟಾಗ ಫೋನ್ ಮಾಡಿದರು. ನಿಮ್ಮದು ಮೂರನೆಯ ಸರದಿ, ಹನ್ನೊಂದರ ಸಂಜೆ ನಾಲ್ಕಕ್ಕೆ ಬನ್ನಿ ಎಂದೆ.

"ಮಹಾಲಿಂಗಂ ಸಾರ್, ನಿಧಾನ ಬಂದರೂ ಮೂರನೆಯದೇ ತಾನೇ? ಮಾಲೀಕರು ಕೇಳಿದರೆ ಏನು ಹೇಳಲಿ?"

"ಸುತ್ತೋಲೆ ಉಂಟು ಕಪ್ತಾನರೇ. ಸರ್ಕಾರದ ಮುದ್ರೆ ಉಂಟು. ನಾನೇ ಇದ್ದೇನಲ್ಲ."

"ಹಾಗಾದರೆ ನಿಮ್ಮ ಮಾತಿನ ಮೇಲೆ ಬರುತ್ತೇನೆ," ಎಂದರು.

ಸಂಖ್ಯೆ ಬರೆದುಕೊಳ್ಳಲು ಕಾಲಂ ಇಲ್ಲವಲ್ಲ. ನಮ್ಮಲ್ಲಿ ಒಂದು ಪದ್ಧತಿ ಇದೆ: ಕಾಲಂನ ಒಳಗೆ ಶಾಯಿ, ಅಂಚಿನಲ್ಲಿ ಪೆನ್ಸಿಲ್. ನಾನು ಅಂಚಿನಲ್ಲಿ ಪೆನ್ಸಿಲಿನಿಂದ ಹಡಗಿನ ಹೆಸರು ಬರೆದು, "ಸುತ್ತೋಲೆಯಂತೆ ಮೂರು" ಎಂದು ಗುರುತು ಹಾಕಿದೆ. ನಂತರ ನಿಮಗೆ ಫೋನ್ ಮಾಡಿ ಹೇಳಿದೆ. ನೀವು ಖುಷಿಯಾಗಿ, ಒಂಬತ್ತರಂದು ಕೋವಳಂನ ಹೋಟೆಲಿನಲ್ಲಿ ನಡೆಯುವ ಹಸಿರು ಬಂದರು ವಿಚಾರಗೋಷ್ಠಿಗೆ ಬಾ, ಕಂಪ್ಯೂಟರಿನ ಚಿತ್ರ ಬದಲಿಸುವವರು ಬೇಕು ಎಂದಿರಿ.

ಬಂದೆ. ನೀವು ಚೀಟಿ ನೋಡದೆ ಮಾತಾಡಿದಿರಿ. "ನಾವು ಇಲ್ಲಿ ಕುಳಿತಿರುವ ಈ ಗಳಿಗೆಯಲ್ಲಿ ಒಂದು ಹಡಗು ನಿಧಾನವಾಗಿ ಕೊಚ್ಚಿಗೆ ಬರುತ್ತಿದೆ, ಏಕೆಂದರೆ ಅದಕ್ಕೆ ತನ್ನ ಸರದಿ ಮೂರನೆಯದೆಂದು ಗೊತ್ತಿದೆ" ಎಂದಿರಿ. ಇಡೀ ಸಭೆ ಚಪ್ಪಾಳೆ ತಟ್ಟಿತು. ಚಿತ್ರ ಬದಲಿಸುವುದನ್ನು ಮರೆತು ನಾನೂ ತಟ್ಟಿದೆ. ಹತ್ತೊಂಬತ್ತು ವರ್ಷಗಳಲ್ಲಿ ಅಷ್ಟು ಹೆಮ್ಮೆ ನನಗೆ ಎಂದೂ ಆಗಿರಲಿಲ್ಲ.

ಹನ್ನೊಂದರ ಬೆಳಗ್ಗೆ ಕರ್ತವ್ಯದಲ್ಲಿದ್ದವನು ನಾನೇ. ಹತ್ತು ಗಂಟೆಯ ಹೊತ್ತಿಗೆ ಬೇರೆ ಎರಡು ಹಡಗುಗಳು ಬಂದು ಲಂಗರು ಹಾಕಿದವು. ಗೋವಾದ ಹತ್ತಿರ ವಿನ್ಸೆಂಟರನ್ನು ದಾಟಿ ಬಂದವುಗಳು. ಅವುಗಳ ಏಜೆಂಟರು ಮೆಟ್ಟಿಲು ಹತ್ತಿ ಬಂದು ಪುಸ್ತಕದ ಮೇಲೆ ಬೆರಳಿಟ್ಟು, "ಲಂಗರು ಬಿದ್ದಿದೆ, ಬರೀರಿ" ಎಂದರು. ನಾನು ಸುತ್ತೋಲೆ ತೋರಿಸಿದೆ. "ಪುಸ್ತಕದಲ್ಲಿ ಎಲ್ಲಿದೆ ಅದಕ್ಕೆ ಕಾಲಂ?" ಎಂದು ಕೇಳಿದರು. ನಿಮಗೆ ಫೋನ್ ಮಾಡಿದೆ, ನೀವು ಮೀಟಿಂಗಿನಲ್ಲಿದ್ದಿರಿ. ಮತ್ತೆ ಮಾಡಿದೆ, ಊಟಕ್ಕೆ ಹೋಗಿದ್ದಿರಿ. ಕೊನೆಗೆ ನಾನು ಶಾಯಿಯಲ್ಲಿ ಮೂರು ಮತ್ತು ನಾಲ್ಕು ಎಂದು ಅವರ ಹೆಸರಿನ ಮುಂದೆ ಬರೆದೆ. ವಿನ್ಸೆಂಟರ ಹಡಗು ಸಂಜೆ ನಾಲ್ಕಕ್ಕೆ ಎರಡು ನಿಮಿಷ ಇರುವಾಗ ಲಂಗರು ಹಾಕಿತು. ಐದು ಎಂದು ಬರೆದೆ.

ಮಳೆಗಾಲದ ಆ ಅಲೆಯಲ್ಲಿ ಅವರು ಎಂಟು ದಿನ ಹೊರಗೆ ಹೊಯ್ದಾಡಿದರು. ಆಲುವ ಕಡೆಯ ಕಾರ್ಖಾನೆಗೆ ಉಪ್ಪು ತಡವಾಯಿತು. ಉಳಿಸಿದ ಎಣ್ಣೆಯಲ್ಲಿ ಒಂದಿಷ್ಟು ಅಲ್ಲೇ ನಿಂತು ಸುಟ್ಟರು. ಸಮುದ್ರದಲ್ಲಿ ಬೇಕೆಂದೇ ಕಾಲಹರಣ ಮಾಡಿದ್ದಾರೆ ಎಂದು ಮಾಲೀಕರು ಅವರನ್ನು ಇಳಿಸಿದರು, ಪರವಾನಗಿಯ ಮೇಲೆ ದೂರು ಕೊಟ್ಟರು. ಲಂಗರು ಹಾಕಿದ ಸಂಜೆ ವೈರ್‌ಲೆಸ್ಸಿನಲ್ಲಿ ವಿನ್ಸೆಂಟರು ನನ್ನನ್ನು ಕೇಳಿದ್ದು ಇಷ್ಟೇ: "ಸಾರ್, ಹೊತ್ತಿಗೆ ಸರಿಯಾಗಿ ಬಂದೆನಲ್ಲ?" ಬಂದಿರಿ ಎಂದೆ.

ಈಗ ನಿಮ್ಮ ಕಚೇರಿಯ ಜಾಣತನದ ವಿಷಯಕ್ಕೆ ಬರೋಣ. ಮಾಹಿತಿ ಹಕ್ಕಿನಡಿ ವಿನ್ಸೆಂಟರು ಕೇಳಿದ್ದಕ್ಕೆ ಕಳೆದ ತಿಂಗಳು ಉತ್ತರ ಬಂತು: "ಪ್ರಯೋಗದ ಅವಧಿಯಲ್ಲಿ ಯಾವ ಹಡಗಿಗೂ ಮುಂಗಡ ಸರದಿ ನೀಡಿದ ದಾಖಲೆ ಇಲ್ಲ. ಸ್ಪಂದನೆಯ ಕೊರತೆಯಿಂದ ಯೋಜನೆಯನ್ನು ಕೈಬಿಡಲಾಗಿದೆ." ಎಷ್ಟು ಚೆನ್ನಾದ ವಾಕ್ಯ. ಸ್ಪಂದಿಸಿದ ಒಬ್ಬನೇ ಒಬ್ಬ ಮನುಷ್ಯನನ್ನು ಮುಳುಗಿಸಿ, ಯಾರೂ ಸ್ಪಂದಿಸಲಿಲ್ಲ ಎಂದು ನಿಟ್ಟುಸಿರು ಬಿಡುವುದು ನಿಮಗೆ ಮಾತ್ರ ಸಾಧ್ಯ ಸ್ವಾಮಿ.

ಉತ್ತರ ಹಿಡಿದುಕೊಂಡು ರೈಲು ಹತ್ತಿ ನಿಮ್ಮಲ್ಲಿಗೆ ಬಂದೆ. ಕಳಕ್ಕೂಟಂ ದಾಟಿದ ಮೇಲೆ ರೈಲು ಮೆಲ್ಲಗಾಯಿತು. ತಂಪಾನೂರಿನ ನಿಮ್ಮ ದೊಡ್ಡ ಸ್ಟೇಷನ್ನಿನಲ್ಲಿ ಪ್ಲಾಟ್‌ಫಾರಂ ಖಾಲಿಯಾಗಿಲ್ಲ, ಮೆಲ್ಲಗೆ ಬಾ ಎಂದು ಮೊದಲೇ ಸಿಗ್ನಲ್ ಕೊಟ್ಟಿದ್ದಾರೆ ಎಂದು ಪಕ್ಕದವರು ಹೇಳಿದರು. ರೈಲಿಗೆ ಗೊತ್ತಿರುವುದು ನಮಗೆ ಗೊತ್ತಿಲ್ಲವಲ್ಲ ಎಂದು ಅಳು ಬಂತು. ನೀವು ಸಿಗಲಿಲ್ಲ. ಸಿಕ್ಕಿದವರು ನಿಮ್ಮ ವಿಭಾಗದ ಸೂಪರಿಂಟೆಂಡೆಂಟ್ ಕಮಲಾಕ್ಷ, ನಮ್ಮ ಊರ ಕಡೆಯವರೇ. ಕ್ಯಾಂಟೀನಿಗೆ ಕರೆದುಕೊಂಡು ಹೋಗಿ ಚಹಾ, ಬಾಳೆಹಣ್ಣಿನ ಪಳಂಪೊರಿ ತರಿಸಿದರು.

"ಸುಮ್ನೆ ತಲೆಬಿಸಿ ಮಾಡ್ಬೇಡಿ ಮಾರಾಯ್ರೆ. ಫೈಲು ಉಂಟು, ಸುತ್ತೋಲೆಯೂ ಉಂಟು. ಆದ್ರೆ ನಿಮ್ಮ ಕಪ್ತಾನರಿಗೆ ಮೂರು ಕೊಟ್ಟದ್ದಕ್ಕೆ ಎಂತ ಸಾಕ್ಷಿ?"

"ಲಂಗರು ಪುಸ್ತಕದ ಅಂಚಿನಲ್ಲಿ ಪೆನ್ಸಿಲಿನಲ್ಲಿ ಬರೆದಿದ್ದೇನೆ."

ಕಮಲಾಕ್ಷ ಫೈಲಿನಿಂದ ಆ ಪುಟದ ನಕಲು ತೆಗೆದು ಮೇಜಿನ ಮೇಲಿಟ್ಟರು. ಅಂಚು ಬಿಳಿಯಾಗಿತ್ತು. "ನಕಲಿನಲ್ಲಿ ಪೆನ್ಸಿಲ್ ಬರೂದಿಲ್ಲ ಅಂತ ಮೂಲವನ್ನೇ ತರಿಸಿ ನೋಡಿದೆ. ಅದ್ರಲ್ಲೂ ಇಲ್ಲ. ಯಾರೋ ಉಜ್ಜಿದ್ದಾರೆ," ಎಂದರು.

ಮನೆಗೆ ಬಂದು ಕೂಗಾಡಿದೆ. ತಿರುವನಂತಪುರದವರು ಸಾಕ್ಷಿ ನಾಶ ಮಾಡಿದ್ದಾರೆ, ಕೋರ್ಟಿಗೆ ಹೋಗುತ್ತೇನೆ, ಬಿಡುವುದಿಲ್ಲ ಎಂದೆ. ಒಂಬತ್ತನೆಯ ಕ್ಲಾಸಿನ ಮಗಳು ನಂದಿತಾ ಪುಸ್ತಕದಿಂದ ತಲೆ ಎತ್ತಿದಳು. ಅವಳಿಗೆ ಕನ್ನಡ ಪೂರ್ತಿ ಅರ್ಥವಾಗುತ್ತದೆ, ಉತ್ತರ ಮಾತ್ರ ಮಲಯಾಳದಲ್ಲಿ.

"ಅಪ್ಪ ತನ್ನೆಯಲ್ಲೇ ಮಾಯ್ಚದ್?" ಎಂದಳು. ಅಪ್ಪನೇ ಅಲ್ಲವೇ ಅಳಿಸಿದ್ದು ಎಂದು. ಮಾರ್ಚಿನಲ್ಲಿ ನಾನು ಅವಳ ಜಾಮಿಟ್ರಿ ಪೆಟ್ಟಿಗೆಯಿಂದ ಹೊಸ ರಬ್ಬರ್ ಒಯ್ದು ಅರ್ಧ ಮಾಡಿ ತಂದದ್ದನ್ನು ಅವಳು ಮರೆತಿರಲಿಲ್ಲ.

ಹೌದು ಮಾನ್ಯರೇ. ಪ್ರತಿ ಮಾರ್ಚಿನಲ್ಲಿ ವಾರ್ಷಿಕ ತಪಾಸಣೆಗೆ ಮುಂಚೆ ಲಂಗರು ಪುಸ್ತಕದ ಅಂಚುಗಳನ್ನೆಲ್ಲ ಉಜ್ಜಿ ಚೊಕ್ಕಟ ಮಾಡುವುದು ನಮ್ಮ ಕೋಣೆಯ ವಾಡಿಕೆ. ಅಂಚು ಕೊಳಕಾಗಿದ್ದರೆ ತಪಾಸಕರು ಷರಾ ಬರೆಯುತ್ತಾರೆ. ಹಿಂದಿನ ಮಾರ್ಚುಗಳಂತೆ ಈ ಮಾರ್ಚಿನಲ್ಲೂ ರೇಡಿಯೋ ಕೇಳುತ್ತ, ಓದದೆ, ಪುಟ ಪುಟ ಉಜ್ಜಿದೆ. ಬೇಕೆಂದು ಮಾಡಲಿಲ್ಲ ಎಂದು ಯಾರಲ್ಲಿ ಹೇಳಲಿ? ವಿನ್ಸೆಂಟರಲ್ಲಿ ಹೇಳಿದೆ. ಅವರು, "ತಪಾಸಣೆ ಚೆನ್ನಾಗಿ ಆಯಿತೇ ಸಾರ್?" ಎಂದು ಕೇಳಿದರು. ವ್ಯಂಗ್ಯವೋ ವಿಚಾರಿಸಿದ್ದೋ ನನಗೆ ಇನ್ನೂ ತಿಳಿದಿಲ್ಲ. ಅವರ ವಕೀಲರು ಹೇಳಿದ್ದು ಸ್ಪಷ್ಟವಾಗಿತ್ತು: ನಿಮ್ಮದೇ ಶಾಯಿ ಐದು ಎನ್ನುವಾಗ ನಿಮ್ಮ ಬಾಯಿ ಮೂರು ಎಂದರೆ ಯಾರೂ ನಂಬುವುದಿಲ್ಲ.

ಹಾಗಾಗಿ ಉಳಿದಿರುವ ಸಾಕ್ಷಿ ನೀವೊಬ್ಬರೇ. ಕೋವಳಂನ ವೇದಿಕೆಯಲ್ಲಿ ಚಪ್ಪಾಳೆಗಾಗಿ ಹೇಳಿದ್ದನ್ನು ಜೂನ್ ಇಪ್ಪತ್ತೆರಡರ ಮೊದಲು ಎರಡು ಸಾಲಿನಲ್ಲಿ ಬರೆದು ಸಹಿ ಮಾಡಿ ಕೊಡಿ: ಆ ಹಡಗಿನ ಸರದಿ ಮೂರು, ನಿಧಾನ ಬರಲು ಹೇಳಿದವರು ನಾವು. ನನ್ನ ಬೇಡಿಕೆ ಅಷ್ಟೇ. ನಾಲ್ಕನೆಯ ಕಾಲಂ ಕೇಳುವುದನ್ನು ಬಿಟ್ಟಿದ್ದೇನೆ. ನಿಧಾನವಾಗಿ ಬನ್ನಿ ಎಂದರೆ ಇನ್ನು ಈ ಕರಾವಳಿಯಲ್ಲಿ ಯಾವ ಕಪ್ತಾನನೂ ನಂಬುವುದಿಲ್ಲ, ಕಿಟಕಿಯಾಚೆ ಇವತ್ತು ಒಂಬತ್ತು ಹಡಗುಗಳು ಹೊಗೆ ಬಿಡುತ್ತ ನಿಂತಿವೆ. ನೀವು ಬರೆಯುವುದಿಲ್ಲ ಎಂದೂ ನನಗೆ ಗೊತ್ತು. ಬರೆದರೆ ಕೈಬಿಟ್ಟ ಯೋಜನೆಗೆ ಮತ್ತೆ ಉತ್ತರ ಹೇಳಬೇಕಾಗುತ್ತದೆ. ನೌಕರನಾಗಿ ಪತ್ರಿಕೆಗೆ ಬರೆದದ್ದಕ್ಕೆ ನನಗೆ ಅಮಾನತು ಮಾತ್ರ ತಡವಿಲ್ಲದೆ ಬರುತ್ತದೆ, ಆ ನಮೂನೆಯಲ್ಲಿ ಎಲ್ಲ ಕಾಲಂಗಳೂ ಇವೆ. ಬರಲಿ. ಈ ಸಲವಾದರೂ ಕಪ್ತಾನ್ ವಿನ್ಸೆಂಟರ ಹೆಸರಿನ ಮುಂದೆ ಮೂರು ಎಂದು ಅಚ್ಚಿನ ಶಾಯಿಯಲ್ಲಿ ಬರೆದಿದ್ದೇನೆ, ಮುಂದಿನ ಮಾರ್ಚಿನಲ್ಲಿ ನನ್ನ ಕೈಗೆ ಸಿಗದ ಹಾಗೆ.

ಇಂತಿ, ಮಗಳ ಅರ್ಧ ರಬ್ಬರನ್ನು ಇನ್ನೂ ಜೇಬಿನಲ್ಲಿಟ್ಟುಕೊಂಡಿರುವ,
ಮಹಾಲಿಂಗ
ಲಂಗರು ಪುಸ್ತಕದ ಗುಮಾಸ್ತ, ಈ ಪತ್ರಿಕೆ ನಿಮ್ಮ ಮೇಜು ತಲಪುವವರೆಗೆ
ಕೊಚ್ಚಿ, ಜೂನ್ ೨೦೦೯