ನಾಲ್ವರು ಬೇಹುಗಾರರು, ಒಂದು ಇಳಿಜಾರು

ಕೆತ್ತಿ
೧೭-೧೧-೨೦೨೪, ಭಾನುವಾರ

ಪ್ರೀತಿಯ ಮಗಳು ಸಿಂಧುಜಾಗೆ,

ನಿನ್ನ ಅಪ್ಪ ಬರೆಯುತ್ತಿರುವುದು. ಅಪ್ಪ ಕಾಗದ ಬರೆದಿದ್ದಾನೆಂದು ಗಾಬರಿಯಾಗಬೇಡ, ಇಲ್ಲಿ ಯಾರಿಗೂ ಏನೂ ಆಗಿಲ್ಲ. ನೀನು ಹೇಗಿದ್ದೀಯಾ ಕೂಸು? ಕೊಯಮತ್ತೂರಿನ ಬಿಸಿಲಿಗೆ ಮೂಗಿನಿಂದ ರಕ್ತ ಬರುತ್ತಿತ್ತಲ್ಲ, ನಿಂತಿತೇ? ಮಿಲ್ಲಿನ ವ್ಯಾನು ಓಡಿಸುವಾಗ ಹೊತ್ತಿಗೆ ಸರಿಯಾಗಿ ನೀರು ಕುಡಿ. ನನ್ನ ಕಾಲಿನ ಪ್ಲಾಸ್ಟರ್ ತೆಗೆಯಲು ಇನ್ನೂ ಹತ್ತು ದಿನವಿದೆ. ಮೂವತ್ತು ವರ್ಷ ಬಸ್ಸು ಓಡಿಸಿ ಒಂದು ಗೀರೂ ಮಾಡಿಕೊಳ್ಳದವನು ಎಲೆ ಮೂಟೆ ಹೊತ್ತು ನಮ್ಮದೇ ಚಹಾ ತೋಟದಲ್ಲಿ ಜಾರಿಬಿದ್ದೆನೆಂದು ಇಡೀ ಹಟ್ಟಿ ನಗುತ್ತಿದೆ. ಫೋನ್ ಮಾಡಬಹುದಿತ್ತು. ಆದರೆ ಫೋನ್ ಹಿಡಿದರೆ ನಿನ್ನ ಅವ್ವೆ ಪಕ್ಕದಲ್ಲೇ ನಿಂತಿರುತ್ತಾಳೆ, ಕೆತ್ತಿಯ ಆ ಶಾಲೆಯ ಮಾತು ಬಂದರೆ ನೀನು ಕಟ್ ಮಾಡಿಬಿಡುತ್ತೀಯ. ಕನ್ನಡದಲ್ಲಿ ಬರೆದರೆ ನಿನ್ನ ಹಾಸ್ಟೆಲ್ಲಿನಲ್ಲಿ ಬೇರೆ ಯಾರೂ ಓದಲಾರರು. ಮೈಸೂರು ಬಸ್ಸಿನಲ್ಲಿದ್ದ ಹನ್ನೊಂದು ವರ್ಷ ಬೋರ್ಡು ಓದಿ ಓದಿ ಕಲಿತ ಕನ್ನಡ, ನಿನಗೂ ಕಲಿಸಿದ್ದು ಇಂಥ ದಿನಕ್ಕೇ ಇರಬೇಕು.

ಕೂತಲ್ಲಿ ಕೂರಲಾಗುತ್ತಿಲ್ಲ. ಕೆಳಗಿನ ತಿರುವಿನಲ್ಲಿ ಬಸ್ಸಿನ ಸದ್ದು ಕೇಳಿದರೆ ಯಾವ ಬಸ್ಸು, ಯಾರು ಓಡಿಸುತ್ತಿದ್ದಾರೆ, ಎಷ್ಟು ನಿಮಿಷ ತಡ ಎಂದು ಬಾಯಿ ತಾನಾಗಿ ಹೇಳುತ್ತದೆ. ಈ ಒಂದು ಪ್ಯಾರಾ ಬರೆಯುವಷ್ಟರಲ್ಲಿ ಮೂರು ಸಲ ಎದ್ದು ಕಿಟಕಿಗೆ ಹೋಗಿ ಬಂದೆ. ‘ಕಾಲ ಸುಮ್ಮನೆ ಮಡಗು, ಎಲ್ಲಿಗೂ ಹೋಪದು ಬೇಡ’ ಎಂದು ನಿನ್ನ ಅವ್ವೆ ದಿನಕ್ಕೆ ಇಪ್ಪತ್ತು ಸಲ ಹೇಳುತ್ತಾಳೆ. ನನ್ನ ಗೋಳು ನೋಡಲಾರದೆ ಕಂಡಕ್ಟರ್ ಶಕ್ತಿವೇಲ್ ಒಂದು ಪೆನ್ ಡ್ರೈವ್ ತಂದುಕೊಟ್ಟ. ಅದರೊಳಗೆ ಏನಿತ್ತು ಗೊತ್ತೇ? ನಮ್ಮ ಬೇಹುಗಾರನ ಸಿನಿಮಾಗಳು, ಹದಿನಾಲ್ಕೂ! ನೀನು ಚಿಕ್ಕವಳಿದ್ದಾಗ ನನ್ನ ರಜೆಯ ದಿನ ಇಬ್ಬರೂ ಒಂದೇ ಕಂಬಳಿಯೊಳಗೆ ಕೂತು ನೋಡುತ್ತಿದ್ದೆವಲ್ಲ, ಅವೇ. ಅದೇ ತಮಿಳು ಡಬ್ಬಿಂಗ್, ಹಿಮದ ದೇಶದ ಖಳನಾಯಕ ಚೆನ್ನೈ ಆಟೋದವನ ಹಾಗೆ ಬೈಯುವುದೂ ಅದೇ.

ಹದಿನಾಲ್ಕನ್ನೂ ಮೊದಲಿನಿಂದ ನೋಡುತ್ತಾ ಬಂದೆ. ಬೇಹುಗಾರ ಒಬ್ಬನೇ, ಆದರೆ ವೇಷ ಕಟ್ಟಿದವರು ನಾಲ್ವರು. ನಮ್ಮ ಜಗಳವೆಲ್ಲ ಅದರ ಮೇಲೆಯೇ ಅಲ್ಲವೇ? ನನಗೆ ಮೊದಲನೆಯವನೇ ನಿಜವಾದ ಬೇಹುಗಾರ, ಉಳಿದವರು ಅವನ ಅಂಗಿ ಹಾಕಿಕೊಂಡವರು. ಎಂಥ ಭುಜ, ಎಂಥ ಗತ್ತು! ಅವನು ಬಾಗಿಲು ತೆರೆದು ನಿಂತರೆ ಸಾಕು, ಗುಂಡು ಹಾರಿಸುವ ಅಗತ್ಯವೇ ಇಲ್ಲ. ಎರಡನೆಯವನಿಗೆ ನೀನು ಮದುಮಗ ಎಂದು ಹೆಸರಿಟ್ಟಿದ್ದೆ. ಈಗ ನೋಡಿದರೂ ಅದೇ, ನದಿಗೆ ಬಿದ್ದು ಎದ್ದರೂ ಬೈತಲೆ ಕೆಡುವುದಿಲ್ಲ. ಮೂರನೆಯವನು ಮೇಷ್ಟ್ರು, ಶತ್ರುವನ್ನು ಹಿಡಿದ ಮೇಲೆ ಕಾಲು ಗಂಟೆ ಬುದ್ಧಿವಾದ ಹೇಳುತ್ತಾನೆ, ಅಷ್ಟರಲ್ಲಿ ಶತ್ರು ಓಡಿಹೋಗುತ್ತಾನೆ. ನಾಲ್ಕನೆಯವನು ನಿನ್ನವನು. ಕುಳ್ಳ, ಕಿವಿ ದೊಡ್ಡದು, ಓಡಿದರೆ ಬೆವರುತ್ತಾನೆ, ಹೊಡೆತ ತಿಂದರೆ ನೋಯುತ್ತದೆ. ಇವನೂ ಒಬ್ಬ ಹೀರೋನಾ ಎಂದು ನಾನು ರೇಗಿಸಿದರೆ ನೀನು ಮುಖ ಊದಿಸಿಕೊಂಡು ಕಂಬಳಿ ಎಳೆದುಕೊಂಡು ಹೋಗಿಬಿಡುತ್ತಿದ್ದೆ.

ಈ ಸಲ ಕೆಲಸವಿಲ್ಲದ ಡ್ರೈವರನ ಕಣ್ಣಿನಲ್ಲಿ ನೋಡಿದೆ. ಕಾಲು ಬೇರೆ ನೆಲಕ್ಕೆ ತಾಗುವಂತಿಲ್ಲವಲ್ಲ, ಪರದೆಯ ಮೇಲೆ ಯಾರೇ ಗಾಡಿ ಓಡಿಸಿದರೂ ನನ್ನ ಬಲಗಾಲು ಪ್ಲಾಸ್ಟರಿನೊಳಗೇ ಒದ್ದಾಡುತ್ತದೆ. ಮೂರನೆಯ ಸಿನಿಮಾದಲ್ಲಿ ಮೊದಲನೆಯವನು ಹಿಮದ ಬೆಟ್ಟದಿಂದ ಕಾರು ಇಳಿಸುವ ದೃಶ್ಯವಿದೆಯಲ್ಲ, ನಾನು ನಿನಗೆ ನೂರು ಸಲ ತೋರಿಸಿ, ನೋಡು, ಓಡಿಸಿದರೆ ಹೀಗೆ ಓಡಿಸಬೇಕು ಎನ್ನುತ್ತಿದ್ದದ್ದು? ಅದನ್ನು ನೋಡುತ್ತಿದ್ದವನು ದಡಕ್ಕನೆ ಎದ್ದು ಕೂತೆ. ಹಿಂದಿನ ಕೆಂಪು ದೀಪ ಆರುವುದೇ ಇಲ್ಲ! ಮೇಲಿನಿಂದ ಕೆಳಗಿನವರೆಗೆ ಬ್ರೇಕಿನ ಮೇಲೆಯೇ ನಿಂತಿದ್ದಾನೆ. ನಿಲ್ಲಿಸಿ, ಹಿಂದೆ ತಿರುಗಿಸಿ, ನಾಲ್ಕು ಸಲ ನೋಡಿದೆ. ನಮ್ಮ ಕಲ್ಲಟ್ಟಿ ಘಾಟಿಯಲ್ಲಿ ಹಾಗೆ ಇಳಿಸಿದ್ದರೆ ಅರ್ಧ ದಾರಿಯಲ್ಲೇ ಲೈನರ್ ಸುಟ್ಟು, ಬ್ರೇಕು ಹಿಡಿಯದೆ, ಸೀದಾ ಕಣಿವೆಗೆ. ಏರಿದ ಗೇರಿನಲ್ಲೇ ಇಳಿಯಬೇಕೆಂಬುದು ಇಲ್ಲಿ ಕ್ಲೀನರಿಗೂ ಗೊತ್ತು. ಮದುಮಗನೂ ಹಾಗೆಯೇ, ಮೇಷ್ಟ್ರೂ ಹಾಗೆಯೇ. ಕೊನೆಗೆ ನಿನ್ನ ಕುಳ್ಳನ ಸಿನಿಮಾ ಹಾಕಿದೆ. ಅವನು ತಿರುವು ಬರುವ ಮೊದಲೇ ಗೇರು ಇಳಿಸುತ್ತಾನೆ, ಎಂಜಿನ್ ಗುರ್ರೆನ್ನುತ್ತದೆ, ಕೆಂಪು ದೀಪ ಒಮ್ಮೆ ಮಿಣುಕಿ ಆರುತ್ತದೆ. ನಿಜಕ್ಕೂ ಓಡಿಸಿದವನು ಯಾರೋ ಸ್ಟಂಟ್ ಆಳು ಇರಬಹುದು, ಅಷ್ಟು ನನಗೂ ಗೊತ್ತು. ಆದರೂ ಹನ್ನೆರಡು ವರ್ಷದ ಹುಡುಗಿಗೆ ಕಂಡದ್ದು ನನಗೆ ಕಾಣಲಿಲ್ಲವಲ್ಲ ಎಂದು ನಾಚಿಕೆಯಾಯಿತು.

ಆಗ ಮೇ ತಿಂಗಳ ಆ ದಿನ ನೆನಪಾಯಿತು. ನಿನಗೆ ಹೆವಿ ಲೈಸೆನ್ಸ್ ಸಿಕ್ಕ ಖುಷಿಗೆ ನನ್ನ ಬಸ್ಸಿನಲ್ಲೇ, ನನ್ನ ಹಿಂದಿನ ಸೀಟಿನಲ್ಲೇ ಕೂತು ಮಸಿನಗುಡಿಗೆ ಬಂದೆ. ಮೂವತ್ತಾರು ತಿರುವೂ ನನ್ನ ಕಾಲನ್ನೇ ನೋಡುತ್ತಿದ್ದೆ ಎಂದು ಕಾಣುತ್ತದೆ. ಚಹಾ ಅಂಗಡಿಯಲ್ಲಿ ಯಾರಿಗೂ ಕೇಳದ ಹಾಗೆ, ‘ಅಪ್ಪಾ, ನೀ ಈಗೀಗ ಬ್ರೇಕಿಂದ ಕಾಲನೇ ಎತ್ತದಿಲ್ಲೆ’ ಎಂದೆ. ನಾನು ಚಹಾ ಹೇಗಿದೆ ಎಂದು ಕೇಳಿದೆ. ನೀನು ಹೇಳಿದ್ದು ನಿಜ, ಸಿಂಧು. ಎರಡು ವರ್ಷದಿಂದ ಮೊಣಕಾಲು ನೋಯುತ್ತದೆ, ಕ್ಲಚ್ ಒತ್ತಿ ಗೇರು ಬದಲಿಸುವುದು ತ್ರಾಸು, ಬ್ರೇಕು ಸುಲಭ. ಡಿಪೋದಲ್ಲಿ ಯಾರಿಗೂ ಹೇಳಿಲ್ಲ. ಪ್ಲಾಸ್ಟರ್ ತೆಗೆದ ಮೇಲೆ ಘಾಟಿಯ ರೂಟು ಬೇಡ, ಕೂನೂರು ಟೌನ್ ಬಸ್ಸು ಕೊಡಿ ಎಂದು ನಾನೇ ಬರೆದುಕೊಡುತ್ತೇನೆ. ಬರೆಯಲು ಕೂತರೆ ಕೈ ಬರುವುದಿಲ್ಲ, ಆದರೂ ಬರೆಯುತ್ತೇನೆ.

ಇನ್ನೊಂದು ಸುದ್ದಿ. ಆ ಶಾಲೆಯ ವ್ಯಾನ್ ಡ್ರೈವರ್ ಕೆಲಸ ಬಿಡುತ್ತಿದ್ದಾನಂತೆ, ಅವರು ಮತ್ತೆ ಆಳು ಹುಡುಕುತ್ತಿದ್ದಾರೆ. ಹೆಣ್ಣೆಂದು ಬೇಡವೆಂದರು ಎಂದು ನೀನು ಅತ್ತು, ಇನ್ನು ಈ ಬೆಟ್ಟದಲ್ಲಿ ಸ್ಟೀರಿಂಗ್ ಮುಟ್ಟುವುದಿಲ್ಲ ಎಂದು ಬಟ್ಟೆ ತುಂಬಿಕೊಂಡು ಹೋದವಳು ಇನ್ನೂ ಮನೆಗೆ ಬಂದಿಲ್ಲ. ನೀನು ಬೆಟ್ಟದ ಡ್ರೈವರ್ ಕೂಸು, ನೆಟ್ಟಗಿನ ರಸ್ತೆಯಲ್ಲಿ ನಿನಗೆ ನಿದ್ದೆ ಬರುತ್ತದೆ ಎಂದು ನೀನೇ ಅವ್ವೆಗೆ ಹೇಳಿದ್ದೀಯಂತೆ. ಅದನ್ನು ಕೇಳಿದಾಗಿನಿಂದ ನನಗೆ ನಿದ್ದೆಯಿಲ್ಲ.

ಊಟ ಬಿಡಬೇಡ. ಅವ್ವೆ ಕೇಳಿದಳೆಂದು ತಿಳಿ. ಬಗ್ಗಿಸಿದ ನಿನ್ನ ತಲೆಯ ಮೇಲೆ ಇಲ್ಲಿಂದಲೇ ಕೈಯಿಟ್ಟಿದ್ದೇನೆ, ನೂರು ವರ್ಷ ಬಾಳು, ಯಾವ ತಿರುವಿನಲ್ಲೂ ನಿನಗೆ ಭಯ ಬಾರದಿರಲಿ.

ನಿನ್ನ ಅಪ್ಪ,
ಭೋಜನ್

ಮರೆತದ್ದಲ್ಲ, ಬರೆಯಲು ಧೈರ್ಯ ಬರಲಿಲ್ಲ: ಶಕ್ತಿವೇಲ್ ಈಗ ಕೊಯಮತ್ತೂರಿಗೆ ಹೊರಟಿದ್ದಾನೆ, ಬಾಗಿಲಲ್ಲಿ ನಿಂತು ‘ಅಣ್ಣಾ, ನೇರಮಾಚ್ಚು’, ಹೊತ್ತಾಯಿತು ಎಂದು ಅವಸರ ಮಾಡುತ್ತಿದ್ದಾನೆ. ಶಾಲೆಯವರು ನಿನ್ನನ್ನು ಬೇಡವೆನ್ನಲಿಲ್ಲ, ನಾನು ಬೇಡವೆನ್ನಿಸಿದೆ. ನೀನು ಮಸಿನಗುಡಿಯಲ್ಲಿ ಆ ಮಾತು ಹೇಳಿ ನಾಲ್ಕು ದಿನವಾಗಿತ್ತು, ಶಾಲೆಯ ಆಡಳಿತ ನೋಡುವ ಕರೆಸ್ಪಾಂಡೆಂಟ್ ನನಗೆ ಫೋನ್ ಮಾಡಿ ನಿಮ್ಮ ಮಗಳು ಬೆಟ್ಟದಲ್ಲಿ ಓಡಿಸಬಲ್ಲಳೇ ಎಂದು ಕೇಳಿದರು. ಒಳಗೆ ಉರಿಯುತ್ತಿತ್ತು, ಇನ್ನೂ ಕೈ ಪಳಗಿಲ್ಲ ಎಂದುಬಿಟ್ಟೆ. ನಿನ್ನೆ ಅವ್ವೆ ಎಲೆ ಕೀಳಲು ಹೋದಾಗ ಕೋಲು ಹಿಡಿದು ಶಾಲೆಗೆ ಹೋಗಿ, ಸುಳ್ಳು ಹೇಳಿದೆ ಎಂದು ಒಪ್ಪಿಕೊಂಡು ಬಂದೆ. ೨೫ರ ಸೋಮವಾರ ಬೆಳಿಗ್ಗೆ ಏಳಕ್ಕೆ ವ್ಯಾನು ಓಡಿಸಿ ತೋರಿಸಬೇಕಂತೆ. ಅವ್ವೆಗೆ ಹೇಳಿಲ್ಲ; ಆರು ತಿಂಗಳಿಂದ ಅವಳು ಆ ಶಾಲೆಯವರನ್ನು ಶಪಿಸುವುದನ್ನು ಕೇಳಿಕೊಂಡು ಅವಳು ಬಡಿಸಿದ್ದನ್ನು ಉಣ್ಣುತ್ತಿದ್ದೇನೆ. ನನ್ನ ಮೇಲೆ ಎಷ್ಟು ಬೇಕಾದರೂ ಸಿಟ್ಟು ಮಾಡಿಕೋ, ಆ ಸಿಟ್ಟಿಗೆ ಸೋಮವಾರ ಮಾತ್ರ ತಪ್ಪಿಸಬೇಡ. ಮನೆಗೆ ಬರದಿದ್ದರೂ ಸರಿ, ಬಸ್ಸಿಳಿದು ನೇರವಾಗಿ ಶಾಲೆಗೆ ಹೋಗು.